ಗೂಟದ ಮೇಲಿನ ಕರಡಿಗೆ

ತೊಟ್ಟು ಬಿತ್ತು, ಇನ್ನೊಂದು ತುಂಬಿಕೊಳ್ಳುತ್ತಿದೆ, ಬೀಳುತ್ತದೆ, ಬಿತ್ತು — ಕೊಕ್ಕೆಗೆ ತೂಗಿಬಿಟ್ಟ ಸಲೈನ್ ಬಾಟಲಿಯಿಂದ ಇವರ ಕೈಯೊಳಗೆ ನೀರು ಇಳಿಯುತ್ತಿದೆ, ಮೈಯಲ್ಲಿದ್ದ ನೀರೆಲ್ಲ ರಾತ್ರಿಯಿಡೀ ಅಕ್ಕಿ ತೊಳೆದ ನೀರಿನ ಹಾಗೆ ಹರಿದುಹೋದ ಮೇಲೆ ಇನ್ನು ಇದೊಂದೇ ಗತಿ, ಕಣ್ಣು ಗುಳಿ ಬಿದ್ದಿವೆ, ಮೀನಖಂಡ ಸೆಟೆದು ಗಂಟಾದಾಗ ತಿಕ್ಕಿ ತಿಕ್ಕಿ ನನ್ನ ಬೆರಳು ಸೋತವು, ನರ್ಸು ಕಾಗದ ಹಿಡಿದು ಬಾಳಪ್ಪ ಕೋಣ್ ಎಂದು ಕೂಗಿದಾಗ ಇವರೇ ಎಂದು ಕೈ ತೋರಿಸಿದೆ, ಗಂಡನ ಹೆಸರು ಹೇಳಿ ಅಭ್ಯಾಸವಿಲ್ಲ, ನಿನ್ನೆ ಬೆಳಿಗ್ಗೆ ಎರಡು ಕೊಡ ನೀರು ಒಮ್ಮೆಗೇ ಹೊತ್ತು ಮೆಟ್ಟಿಲು ಹತ್ತಿದ ಆಳು ಇಂದು ಹಿಂಡಿ ಒಗೆದ ಅರಿವೆಯಾಗಿ ಬಿದ್ದಿದ್ದಾರೆ, ಅಂಗಿ ಬಿಚ್ಚಿದ್ದಾರೆ, ಎದೆ ಬರಿದಾಗಿದೆ, ನೋಡಬಾರದು, ಶಿವದಾರವಿಲ್ಲದ ಎದೆ, ಲಿಂಗ ಇಟ್ಟ ಬೆಳ್ಳಿಯ ಕರಡಿಗೆ ಮನೆಯಲ್ಲಿ ಬಾಗಿಲ ಹಿಂದಿನ ಗೂಟಕ್ಕೆ ತೂಗುತ್ತಿದೆ, ನಿನ್ನೆ ಮಧ್ಯಾಹ್ನ ಇವರೇ ತೆಗೆದು ತೂಗಿದ್ದು. ಪ್ರತಿ ರವಿವಾರ ಹೀಗೆಯೇ, ಜಳಕ, ಪೂಜೆ, ಆಮೇಲೆ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಮೆಲ್ಲಗೆ ಗೂಟಕ್ಕೆ ಹಾಕುವುದು, ಪಕ್ಕದ ಖೋಲಿಯ ಪ್ರೇಮನಾಥನ ಮನೆಯಲ್ಲಿ ಇಸ್ಪೀಟು ಎಲೆ ಆಡಿ ಬರ್ತೀನಿ ಎನ್ನುವುದು, ಎಲೆ ಆಡಲಿಕ್ಕೆ ಯಾರಾದರೂ ಲಿಂಗ ತೆಗೆದಿಟ್ಟು ಹೋಗುತ್ತಾರೆಯೇ, ಸತ್ತಾಗಲೂ ಮೈಮೇಲಿಂದ ತೆಗೆಯಬಾರದ್ದನ್ನು, ನಾನೇನು ಕುರುಡಿಯೇ, ತಿರುಗಿ ಬಂದಾಗ ಕೈಗೆ ನನ್ನದಲ್ಲದ ಸಾಬೂನಿನ ವಾಸನೆ, ಅದರ ಕೆಳಗೆ ಶುಂಠಿ, ತೆಂಗಿನಕಾಯಿ, ಸಮುದ್ರದ ನೀರು ಒಳನುಗ್ಗುವ ಖಾಡಿಯ ಕೆಸರು. ಕಳ್ಳತನದಲ್ಲೂ ಭಕ್ತಿ ನಮ್ಮವರಿಗೆ, ಲಿಂಗ ಮೈಮೇಲಿಟ್ಟುಕೊಂಡು ಚಿಪ್ಪಿಮೀನು ಮುಟ್ಟಲಾರರು. ಮೊದಮೊದಲು ಒಳಗೊಳಗೇ ನಗು ಬಂತು, ಆಮೇಲೆ ಸಿಟ್ಟು, ಆಮೇಲೆ ಏನೂ ಅಲ್ಲ. ತಿನ್ನಬೇಡಿ ಎನ್ನಲಿಲ್ಲ, ತಿನ್ನಿ ಎನ್ನಲೂ ಇಲ್ಲ, ಗೂಟ ನೋಡಿಯೂ ನೋಡದವಳಂತೆ ರೊಟ್ಟಿ ತಟ್ಟುತ್ತ ಕೂತೆ, ಒಂದು ಮಾತು ಆಡಿದ್ದರೆ, ಹುಡುಗಾಟಿಕೆಗಾದರೂ ಆಡಿದ್ದರೆ, ಇವತ್ತು ಡಾಕ್ಟರ ಮುಂದೆ ನಾಲಗೆ ಇಷ್ಟು ಗಟ್ಟಿಯಾಗುತ್ತಿರಲಿಲ್ಲ.

ಡಾಕ್ಟರು ಒಳ್ಳೆಯವರು, ಮರಾಠಿಯಲ್ಲಿ ನಿಧಾನವಾಗಿ ಕೇಳಿದರು, ತಿಸರ್ಯಾ, ಕಾಲ್ವಾ, ಖಾಡಿಯ ಚಿಪ್ಪಿನ ಮಾಲು ಏನಾದರೂ ತಿಂದಿರಾ, ಈ ವಾರ ಬಂದ ಹಲವರು ಅದನ್ನೇ ತಿಂದವರು, ಊರಿನ ಗಟಾರವೆಲ್ಲ ಖಾಡಿಗೇ ಸೇರುತ್ತದೆ, ಚಿಪ್ಪಿನೊಳಗಿನ ಜೀವ ಆ ನೀರನ್ನೇ ಕುಡಿದು ಸೋಸಿ ರೋಗಾಣು ಒಳಗೆ ಇಟ್ಟುಕೊಳ್ಳುತ್ತದೆ, ಚೆನ್ನಾಗಿ ಕುದಿಸದಿದ್ದರೆ ಅವು ಸಾಯುವುದಿಲ್ಲ, ಹೇಳಿ, ತಿಂದಿರಾ. ಇವರು ಕಣ್ಣು ಮುಚ್ಚಿಕೊಂಡೇ ಭಾಕರಿ, ಭಾಜಿ ಎಂದರು. ಡಾಕ್ಟರು ನನ್ನ ಕಡೆ ತಿರುಗಿದರು. ಆಮ್ಹಿ ಲಿಂಗಾಯತ, ಅಂಡಾ ಪಣ್ ನಾಹೀ, ಮೊಟ್ಟೆ ಕೂಡ ಮುಟ್ಟದವರು — ನನ್ನ ಬಾಯಿಂದಲೇ ಬಂತು, ಕೇಳುವ ಮೊದಲೇ ಬಂತು, ಸೆರಗು ಸರಿಮಾಡಿಕೊಂಡು ಎಂಥ ಗತ್ತಿನಿಂದ ಹೇಳಿದೆ, ಅವರು ಕೇಳಿದ್ದೇ ತಪ್ಪಾಯಿತು ಎನ್ನುವಂತೆ ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು. ಮುಂದಿನ ಮಂಚ, ಅದರ ಮುಂದಿನ ಮಂಚ, ಎಲ್ಲ ಕಡೆ ಬಾಟಲಿ ತೂಗುತ್ತಿವೆ, ಗೂಟದಲ್ಲಿ ಕರಡಿಗೆ ತೂಗುತ್ತಿದೆ.

ಆಮೇಲೆ ಸುಂದರಿ ಬಂದಳು. ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ಸ್ಟೇಷನ್ನಿನ ಬ್ರಿಜ್ಜು ಹತ್ತಿ ಇಳಿದು ಬಂದಳು, ಸ್ಟೀಲಿನ ಡಬ್ಬಿಯಲ್ಲಿ ಇವರಿಗೆ ಗಂಜಿ, ಮೇಲೆ ನಿಂಬೆ ಉಪ್ಪಿನಕಾಯಿ. ಗಿರಣಿ ಮುಷ್ಕರದ ವರ್ಷ ನಾವು ಡೊಂಬಿವಲಿಯ ಈ ಚಾಳಿಗೆ ಬಂದಾಗ ಪಕ್ಕದ ಖೋಲಿಯಿಂದ ಮೊದಲು ನೀರು ಕೊಟ್ಟವಳು ಇವಳೇ, ಉಡುಪಿ ಕಡೆಯವಳು, ಗಂಡ ಪ್ರೇಮನಾಥ ಸ್ಟೇಷನ್ ಎದುರಿನ ಹೋಟೆಲಿನ ಗಲ್ಲೆಯ ಮೇಲೆ ಕೂರುತ್ತಾನೆ, ಎರಡು ಸಲ ಬಸಿರು ನಿಲ್ಲದೆ ಹೋಗಿ ಈ ಸಲ ನಿಂತಿದೆ, ತವರು ದೂರ, ಅಕ್ಕ ನನಗೆ ನೀವೇ ಎನ್ನುತ್ತಾಳೆ, ನಮ್ಮ ಕಡೆಯ ರೀತಿಯಲ್ಲಿ ಸೀಮಂತದ ಕುಬಸ ಮಾಡಬೇಕೆಂದು ಹಸಿರು ಖಣ ತಂದು ಟ್ರಂಕಿನಲ್ಲಿಟ್ಟಿದ್ದೇನೆ, ಇವಳಿಗೆ ಹೇಳಿಲ್ಲ. ಅವಳ ಮನೆಯಲ್ಲಿ ಮೀನಿದ್ದ ದಿನ ನಾನು ಹೊಸ್ತಿಲಿಗೆ ಹೋದರೆ ಸಾಕು, ತಟ್ಟೆಯ ಮೇಲೆ ಮೊರ ಮುಚ್ಚುತ್ತಾಳೆ, ನನಗೆ ಹೇಸಿಗೆಯಾಗಬಾರದು ಎಂದು, ನಾನೂ ಮೊರ ಕಾಣದವಳಂತೆ ಕರಿಬೇವು ಕೇಳಿ ಬರುತ್ತೇನೆ. ಇವತ್ತೂ ಹಾಗೇ, ಕಣ್ಣು ತಪ್ಪಿಸಿ ಕೇಳಿದಳು, ಅಕ್ಕ, ಎಂತದರಿಂದ ಆದದ್ದು ಹೇಳಿದರಾ ಡಾಕ್ಟ್ರು, ನಮ್ಮವರಿಗೂ ಬೆಳಿಗ್ಗೆ ಎರಡು ಸಲ ಆಯ್ತು, ಹೋಟೆಲಿನ ಹಳಸಲು ವಡೆ ಅಂತ ನಗಾಡ್ತಾರೆ. ಅವಳ ಗುಟ್ಟು ನನ್ನಿಂದ, ನನ್ನ ಗುಟ್ಟು ಅವಳಿಂದ, ಇಬ್ಬರೂ ಒಂದೇ ಗುಟ್ಟನ್ನು ಸೆರಗಿನಲ್ಲಿ ಕಟ್ಟಿಕೊಂಡು ನಿಂತಿದ್ದೆವು. ಬಿಸಲಿನ ಝಳ ಅಂತ ಹೇಳಿದ್ರವಾ ಎಂದೆ. ಅವಳ ಮುಖ ಅರಳಿದ್ದನ್ನು ಕಂಡೆ, ಕಂಡು ನನಗೂ ಹಗುರಾಯಿತು, ಹಗುರಾಯಿತಲ್ಲ, ಸುಡಲಿ ಈ ಹಗುರ. ಹಾಗಾದರೆ ನಾನು ಹೋಗ್ತೇನೆ ಅಕ್ಕ, ನಿನ್ನೆ ಷಷ್ಠಿಯ ಉಪವಾಸ, ಎಂತ ಸಹ ತಿನ್ನಲಿಲ್ಲ, ಹೊಟ್ಟೆಯೊಳಗಿಂದ ಇವನು ಒದೆಯುತ್ತಾನೆ, ಎಂದು ಹೊರಟಳು.

ನಿನ್ನೆ ತಿನ್ನಲಿಲ್ಲ. ತೊಟ್ಟು ಬಿತ್ತು. ಹಾಗಾದರೆ ಇವತ್ತು — ಚಾಳಿನ ಗ್ಯಾಲರಿಯ ಮೂಲೆಯಲ್ಲಿ ಅವಳ ಬಕೇಟು, ಮೇಲೆ ಒದ್ದೆ ಗೋಣಿತಾಟು, ಖಾಡಿಯ ಕಡೆಯಿಂದ ಬುಟ್ಟಿ ಹೊತ್ತು ಬರುವ ಮೀನುಗಾರ ಕೋಳಿ ಜನದ ಹೆಂಗಸಿಗೆ ನಿನ್ನೆ ಅವಳು ಹೇಳಿದ್ದನ್ನು ಬಾಗಿಲ ಹಿಂದೆ ನಿಂತು ಕೇಳಿದ್ದೆ, ಇನ್ನೂ ಸ್ವಲ್ಪ ಹಾಕು ಮೌಶಿ, ಅರ್ಧ ಇವತ್ತು ಗಂಡಸರಿಗೆ, ಅರ್ಧ ನಾಳೆ ನನಗೆ, ಜೀವ ಇದ್ದದ್ದೇ ಹಾಕು. ನೀರಿನಲ್ಲಿ ಚಿಪ್ಪಿ ಟಕ್ ಟಕ್ ಎನ್ನುತ್ತಿದ್ದವು, ರಾತ್ರಿ ಇವರು ನರಳುವಾಗಲೂ ಗೋಡೆಯಾಚೆ ಟಕ್ ಎನ್ನುತ್ತಿದ್ದವು. ಮರುವಾಯಿ ಚಿಪ್ಪಿ ಬಾಯಿ ಬಿಟ್ಟ ಕೂಡಲೇ ಇಳಿಸಬೇಕು, ಹೆಚ್ಚು ಕುದಿಸಿದರೆ ರಬ್ಬರು, ಎಂದು ಅವಳು ಯಾರಿಗೋ ಹೇಳುವುದನ್ನೂ ಕೇಳಿದ್ದೇನೆ, ಎಲ್ಲ ಕೇಳಿದ್ದೇನೆ, ಗೋಡೆಗೆ ಕಿವಿಯಿಟ್ಟೇ ಸಂಸಾರ ಮಾಡಿದವಳು ನಾನು. ಎದ್ದೆ. ಇವರು ಸಲೈನ್ ಇಲ್ಲದ ಕೈಯಿಂದ ನನ್ನ ಸೆರಗು ಹಿಡಿದರು, ಏನು ಮಾಡಲು ಎದ್ದೆನೆಂದು ತಿಳಿಯಿತೇನೋ, ಗಿರಿಜಾ, ಹೇಳಬ್ಯಾಡ, ಊರಾಗ ತಿಳಿದ್ರ ಅಪ್ಪ ಮನಿಯೊಳಗ ಕರಕೊಳ್ಳಂಗಿಲ್ಲ. ಇಷ್ಟು ವರ್ಷದಲ್ಲಿ ಮೊದಲ ಸಲ ಇಬ್ಬರೂ ಅದರ ಮಾತು ಆಡಿದ್ದು ಹೀಗೆ, ಈ ಮಂಚದ ಪಕ್ಕ. ಆಕಿ ಬಸರಿ ಅದಾಳ್ರಿ, ಎಂದೆ. ಹಿಡಿದ ಸೆರಗು ಬಿಟ್ಟರು, ಮುಖ ಗೋಡೆಗೆ ತಿರುಗಿಸಿದರು. ಡಾಕ್ಟರ ಮುಂದೆ ಹೋಗಿ ನಿಂತೆ, ತಿಸರ್ಯಾ ಖಾಲ್ಲ್ಯಾ, ತ್ಯಾಂನೀ ತಿಸರ್ಯಾ ಖಾಲ್ಲ್ಯಾ, ಚಿಪ್ಪಿ ತಿಂದಿದ್ದಾರೆ, ಆಗ ನಾನು ಸುಳ್ಳು ಹೇಳಿದ್ದೆ. ಅವರು ಬೈಯಲಿಲ್ಲ, ಬೈಯಬೇಕಿತ್ತು, ಮತ್ತೆ ಯಾರು ತಿಂದಿದ್ದಾರೆ ಎಂದಷ್ಟೇ ಕೇಳಿದರು, ಪಕ್ಕದ ಮನೆಯವಳು ಇವತ್ತು ತಿನ್ನುತ್ತಾಳೆ, ಏಳು ತಿಂಗಳ ಬಸರಿ ಎಂದಾಗ ಕೈಯಲ್ಲಿದ್ದ ಪೆನ್ನು ನಿಂತಿತು, ಅಂಥವರಿಗೆ ಈ ಭೇದಿ ಹತ್ತಿದರೆ ಕೂಸು ಉಳಿಯುವುದು ಕಷ್ಟ, ಓಡಿ ತಾಯಿ, ತಿನ್ನದಂತೆ ತಡೆಯಿರಿ, ತಿಂದಿದ್ದರೆ ತಡಮಾಡದೆ ಇಲ್ಲಿಗೆ ಕರೆತನ್ನಿ.

ಬ್ರಿಜ್ಜಿನ ಮೆಟ್ಟಿಲು ಮುಗಿಯುತ್ತಿಲ್ಲ, ಕಲ್ಯಾಣದ ಲೋಕಲ್ಲು ಈಗಷ್ಟೇ ಇಳಿಸಿದ ಜನ ಎದುರಿಗೇ ಬರುತ್ತಿದ್ದಾರೆ, ಬಾಜೂ ವ್ಹಾ, ಬಾಜೂ ವ್ಹಾ, ದಾರಿ ಬಿಡಿ, ಚಪ್ಪಲಿ ಒಂದು ಎಲ್ಲೋ ಉಳಿಯಿತು, ಅವಳು ನಿಧಾನ ನಡೆಯುತ್ತಾಳೆ, ಭಾರದ ಹೊಟ್ಟೆ, ದಾರಿಯಲ್ಲಿ ಕಾಯಿ ಕೊಳ್ಳಲು ನಿಂತಿರಬಹುದು, ಸ್ಟವ್ವಿಗೆ ಗಾಳಿ ಹೊಡೆಯಬೇಕು, ಮಸಾಲೆ ಅರೆಯಬೇಕು, ನಿಲ್ಲಲಿ, ಸ್ಟವ್ವಿನ ಪಿನ್ನು ಸಿಗದೆ ಹೋಗಲಿ, ಹಿಟ್ಟಿನ ಗಿರಣಿಯ ಮುಂದೆ ಸಾಲು, ಟಾಂಗಾದವನು ಬರುವುದಿಲ್ಲ ಎಂದ, ಖಾಡಿಯ ಗಾಳಿ ಮೂಗಿಗೆ ಬಡಿಯಿತು, ಚಾಳು, ಜಿನೆಯ ಮೆಟ್ಟಿಲು, ಗ್ಯಾಲರಿ, ಮೂಲೆಯಲ್ಲಿ ಬಕೇಟು ಬೋರಲಾಗಿದೆ, ಗೋಣಿತಾಟು ಕಟಕಟೆಯ ಮೇಲೆ ಒಣಗುತ್ತಿದೆ. ಸುಂದರಿಯ ಬಾಗಿಲು ತೆರೆದಿದೆ. ನೆಲದ ಮೇಲೆ ಕಾಲು ಚಾಚಿ ಕೂತಿದ್ದಾಳೆ, ನನ್ನ ನೆರಳು ಬಿದ್ದದ್ದೇ ತಡ ಎಡಗೈಯಿಂದ ಮೊರ ಎಳೆದು ತಟ್ಟೆಯ ಮೇಲೆ ಮುಚ್ಚಿದಳು. ಕೂತೆ, ಮೊರ ತೆಗೆದೆ, ಈ ಕೈಯಿಂದಲೇ ತೆಗೆದೆ — ಬರೀ ಚಿಪ್ಪು, ಬಾಯಿ ತೆರೆದ, ನೆಕ್ಕಿ ಬೆಳ್ಳಗಾದ ಚಿಪ್ಪು, ತಟ್ಟೆ ತುಂಬ. ಅವಳು ತಪ್ಪು ಮಾಡಿದವಳಂತೆ ನನ್ನನ್ನೇ ನೋಡುತ್ತಿದ್ದಾಳೆ, ತುಟಿಯ ಪಕ್ಕ ತೆಂಗಿನಕಾಯಿ ಅಂಟಿದೆ, ಅಕ್ಕ, ನಿಮಗೆ ವಾಸನೆ ಬಂತಾ. ಏಳವಾ, ಆಸ್ಪತ್ರಿಗೆ ನಡಿ, ನನಗ ಮೊದಲಿಂದ ಗೊತ್ತಿತ್ತು, ಎಲ್ಲಾ ಗೊತ್ತಿತ್ತು, ಎಂದು ಅವಳ ಎಂಜಲು ಕೈ ಹಿಡಿದು ಎಬ್ಬಿಸುತ್ತಿದ್ದೇನೆ, ಎಂತ ಗೊತ್ತಿತ್ತು ಅಕ್ಕ ಎನ್ನುತ್ತಿದ್ದಾಳೆ, ಹೇಳಬೇಕು, ಎಲ್ಲಿಂದ ಹೇಳಲಿ, ಬಾಗಿಲ ಹಿಂದೆ ಗೂಟ, ಗೂಟದಲ್ಲಿ ಕರಡಿಗೆ, ರವಿವಾರ, ಇನ್ನೊಂದು ರವಿವಾರ, ಕರಡಿಗೆ, ತೂಗುತ್ತಿದೆ, ನೋಡುತ್ತ ರೊಟ್ಟಿ ತಟ್ಟುತ್ತಿದ್ದೇನೆ, ಕರಡಿಗೆ