ಕೊನೆಯ ಬಣವೆ

ಹಳ್ಳದ ಹತ್ತಿರ ರಸ್ತೆ ಅಗೆದು ಹಾಕಿದ್ದರಿಂದ ಕುಷ್ಟಗಿಯ ಬಸ್ಸು ಅಂದು ಊರೊಳಗೆ ಹೋಗಲಿಲ್ಲ. ಶನಿವಾರದ ಅರ್ಧ ದಿನದ ಕಾಲೇಜು ಮುಗಿಸಿ ಬಂದಿದ್ದ ವಾಣಿಶ್ರೀ ಅಲ್ಲಿಯೇ ಇಳಿದು ನಡೆಯತೊಡಗಿದಳು. ದಾರಿಯಲ್ಲೇ ಅವರ ಹೊಲ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ಅವಳು ಹೊಲವನ್ನು ನೋಡಿದ್ದೆಲ್ಲ ಬಸ್ಸಿನ ಕಿಟಕಿಯಿಂದಲೇ. ಬೆಳಿಗ್ಗೆ ಪಿಯುಸಿ ಹುಡುಗರಿಗೆ ಇಂಗ್ಲಿಷ್ ಹೇಳಲು ಹೋಗಬೇಕು, ಬರುವಷ್ಟರಲ್ಲಿ ಹೊತ್ತು ಇಳಿದಿರುತ್ತಿತ್ತು.

ಶೇಂಗಾ ಕಿತ್ತು ಮುಗಿದಿತ್ತು. ಕಾಯಿ ಬಿಡಿಸಿ ಚೀಲ ತುಂಬಿ ಮನೆಗೆ ಸಾಗಿಸಿಯಾಗಿತ್ತು. ಒಣಗಿದ ಬಳ್ಳಿಯ ಹೊಟ್ಟು ಕೂಡ ಹಿತ್ತಲಿಗೆ ಬಂದು ಬಿದ್ದಿತ್ತು. ಆದರೆ ಹೊಲದ ನಟ್ಟನಡುವೆ ಆ ಹೊಟ್ಟಿನದೇ ಒಂದು ಸಣ್ಣ ಬಣವೆ ಮಾತ್ರ ಹಾಗೆಯೇ ನಿಂತಿತ್ತು. ಬದುವಿನ ಮೇಲಿನ ಬೇವಿನ ನೆರಳಲ್ಲಿ ಹತ್ತು ಹನ್ನೆರಡು ಹೆಂಗಸರು ಮಣ್ಣು ಕೆದಕುವ ಕುರ್ಪಿ, ಬುಟ್ಟಿ, ಖಾಲಿ ಚೀಲ ಇಟ್ಟುಕೊಂಡು ಕುಳಿತಿದ್ದರು. ಎಲ್ಲರ ಮುಂದೆ ದಾವಲಬೀ ಎಲೆಅಡಿಕೆ ಜಗಿಯುತ್ತ ಕಾಲು ಚಾಚಿದ್ದಳು. ಊರಲ್ಲಿ ಯಾರ ಹೊಲಕ್ಕೆ ಯಾವಾಗ ಹೋಗಬೇಕೆಂದು ಹೆಂಗಸರು ಕೇಳುತ್ತಿದ್ದದ್ದು ಅವಳನ್ನೇ.

"ಯಾಕ ದಾವಲಮ್ಮ, ಇಲ್ಲಿ ಕುಂತೀರಿ?"

"ನಿಮ್ಮ ಬಣವಿ ಕಾಯಾಕ ಹತ್ತೀವಿ ಟೀಚರಮ್ಮಾ. ಪಗಾರ ಇಲ್ಲದ ವಾಚ್‌ಮನ್ನರು ನಾವು."

ಹೆಂಗಸರು ನಕ್ಕರು. ವಾಣಿಶ್ರೀಯೂ ನಕ್ಕಳು.

"ನೆಲದಾಗ ಉಳಿದ ಕಾಯಿ, ಹಕ್ಕಲ, ಆಯಾಕ ಬಂದೀರಂತ ಗೊತ್ತಾತು. ಹೊಲ ಖಾಲಿ ಐತಲ್ಲ, ಇಳೀರಿ ಮತ್ತ."

ಯಾರೂ ಏಳಲಿಲ್ಲ. ದಾವಲಬೀ ಬಾಯಿಯ ಎಲೆಯನ್ನು ಒಂದು ಕೆನ್ನೆಗೆ ಸರಿಸಿಕೊಂಡಳು.

"ನೀವು ಗಂಗಾವತಿ ಕಡ್ಯಾರು. ಅಲ್ಲಿ ಭತ್ತಕ್ಕ ಮಿಷನ್ ಬಂದು ಎಲ್ಲಾ ನುಂಗಿ ಹೊಕ್ಕೈತಿ, ಹಕ್ಕಲ ಅನ್ನೂದ ಉಳದಿಲ್ಲ. ನಮ್ಮ ಕಡಿ ಹಂಗಲ್ರಿ. ಹೊಲದಾಗ ಒಂದು ಬಣವಿ ಇದ್ದರೂ ಕಾಲು ಇಡಂಗಿಲ್ಲ. ಬಣವಿ ಇದ್ದಾಗ ಆಯ್ದರ ಅದು ಕಳವು. ಬಣವಿ ಹೋದಮ್ಯಾಗ ಆಯ್ದರ ಹಕ್ಕಲ."

"ಅಷ್ಟ ಅಲ್ಲೇನ್ರಿ, ಎತ್ತಿ ಬದುವಿನ ಆಚಿಗೆ ಇಟ್ಟು ಬಿಡ್ರಿ."

"ಅಯ್ಯ, ನಾವು ಮುಟ್ಟಂಗಿಲ್ಲವ್ವಾ! ಮನಿಯವರ ಕೈಲೇ ಏಳಬೇಕದು. ಆಮ್ಯಾಲ ನಿಮ್ಮ ಅತ್ತಿಯಾರು ಬಂದು ಹಕ್ಕಲ ಬಿಟ್ಟೈತಿ ಅಂತ ಕೂಗತಿದ್ರು, ನಾವು ಇಳೀತಿದ್ವಿ. ಈ ಸಲ ದವಾಖಾನ್ಯಾಗ ಅವರ ಮೊಣಕಾಲು ಕೊಯ್ದಾರ. ಬಣವಿಗೆ ಕಾಲಿಲ್ಲ, ಅವರಿಗೂ ಕಾಲಿಲ್ಲ."

ಮತ್ತೆ ನಗು. ಆದರೆ ಹಿಂದೆ ಕುಳಿತಿದ್ದ ಮಲ್ಲೇಶ್ವರಿ ಎಂಬ ಹೆಂಗಸು ನಗಲಿಲ್ಲ. "ಗುರುವಾರದಿಂದ ಕುಂತೀವ್ರಿ ಅಕ್ಕಾರ," ಎಂದಳು. "ಕೂಲಿ ಬಿಟ್ಟು ಕುಂತೀವಿ. ಇದ್ರಾಗ ಆಯ್ದದ್ದನ್ನ ಗಾಣಕ್ಕ ಹಾಕಿಸಿದ್ರ ಯುಗಾದಿತನಕ ಎಣ್ಣಿ ಕೊಳ್ಳಂಗಿಲ್ಲ ನಾವು. ನಿಮ್ಮ ಮನಿಯವರಿಗೆ ಒಂದು ಮಾತು ಹೇಳ್ರಿ."

ಮನೆಯಲ್ಲಿ ಅತ್ತೆ ವಿರೂಪಾಕ್ಷಮ್ಮ ಪಡಸಾಲೆಯ ಮಂಚದ ಮೇಲೆ ಕಾಲು ನೀಡಿಕೊಂಡು ಶೇಂಗಾ ಸುಲಿಯುತ್ತಿದ್ದರು. ವಾಣಿಶ್ರೀ ಬಣವೆಯ ಮಾತು ಎತ್ತಿದಳು.

"ಗಾಡಿಗೆ ಹಿಡೀಲಿಲ್ಲಂತ, ಒಂದು ಉಳೀತು ಅಂದ ಕಾಶಿ. ನಾಳೆ ತರತಾನಂತ."

"ಗುರುವಾರದಿಂದ ಅದ ನಾಳೆ ಏನ್ರಿ ಅತ್ತಿ?"

ವಿರೂಪಾಕ್ಷಮ್ಮ ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡರು. ಅಂಗಳದಲ್ಲಿ ಖಾಲಿ ಗಾಡಿ ನೆಲಕ್ಕೆ ಮೂಕಿ ಊರಿಕೊಂಡು ನಿಂತಿತ್ತು. ಎತ್ತುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿದ್ದವು.

ಊಟ ಮಾಡಿ ವಾಣಿಶ್ರೀ ತನ್ನ ಕೆಲಸಕ್ಕೆ ಕುಳಿತಳು. ಸೋಮವಾರ ಕೊಪ್ಪಳದಲ್ಲಿ ಇಂಗ್ಲಿಷ್ ಉಪನ್ಯಾಸಕರ ಕಾರ್ಯಾಗಾರ. ಒಬ್ಬೊಬ್ಬರು ಒಂದೊಂದು ಹಳೆಯ ಕ್ರಿಯಾಪದವನ್ನು ಆರಿಸಿಕೊಂಡು ಅದರ ಅರ್ಥ, ಹುಟ್ಟು, ಬಳಕೆ ಇಷ್ಟನ್ನೂ ಹೇಳಬೇಕಾಗಿತ್ತು. ಅವಳು ಆರಿಸಿಕೊಂಡದ್ದು ‘ಗ್ಲೀನ್’. ಸಣ್ಣ ಪದ, ಬೇಗ ಮುಗಿಯುತ್ತದೆ ಎಂದುಕೊಂಡಿದ್ದಳು. ಕಾಲೇಜಿನಲ್ಲಿ ಅದನ್ನು ಅವಳು ಹೇಳಿಕೊಡುತ್ತಿದ್ದದ್ದು ಒಂದೇ ಬಗೆಯಲ್ಲಿ: ಅಲ್ಲಿಷ್ಟು ಇಲ್ಲಿಷ್ಟು ಮಾಹಿತಿ ಕೂಡಿಸುವುದು. ಪತ್ರಿಕೆಗಳಲ್ಲಿ ಬರುವುದೂ ಹಾಗೆಯೇ.

ಹುಡುಕುತ್ತ ಹೋದಂತೆ ಪದ ಹೊಲಕ್ಕೆ ಇಳಿಯಿತು. ಅದು ಇಂಗ್ಲಿಷಿಗೆ ಬಂದದ್ದು ಫ್ರೆಂಚಿನಿಂದ, ಫ್ರೆಂಚಿಗೆ ಬಂದದ್ದು ಇಳಿಗಾಲದ ಲ್ಯಾಟಿನ್ನಿನಿಂದ. ಅದಕ್ಕೂ ಹಿಂದೆ, ಈಗಿನ ಫ್ರೆಂಚ್ ನಾಡಾದ ಗಾಲ್ ಸೀಮೆಯ ರೈತರ ಬಾಯಲ್ಲಿತ್ತೇನೋ ಎಂದು ವಿದ್ವಾಂಸರ ಊಹೆ. ಮೊದಲ ಅರ್ಥ, ಕೊಯ್ಲಿನವರು ಬಿಟ್ಟುಹೋದ ತೆನೆ ಆಯುವುದು. ಮಾಹಿತಿ, ವಿಚಾರ ಎಲ್ಲ ಆಮೇಲೆ ಬಂದವು. ಹಕ್ಕಲು ಎಂದು ಅವಳು ಪಕ್ಕದಲ್ಲಿ ಬರೆದುಕೊಂಡಳು. ಪದಕ್ಕೆ ಪದ ಸಿಕ್ಕಿತು ಎಂಬ ಸಮಾಧಾನದಲ್ಲಿ ಮುಂದೆ ಓದಿದಳು. ಇಂಗ್ಲಿಷರ ನಾಡಿನ ಕೆಲವು ಊರುಗಳಲ್ಲಿ ಬೆಳಿಗ್ಗೆ ಚರ್ಚಿನ ಗಂಟೆ ಬಾರಿಸುವವರೆಗೆ ಹೆಂಗಸರು ಹೊಲಕ್ಕೆ ಇಳಿಯುವಂತಿರಲಿಲ್ಲ. ಇನ್ನು ಕೆಲವು ಕಡೆ ರೈತ ಕೊಯ್ದ ತೆನೆಯ ಒಂದೇ ಒಂದು ಕಟ್ಟನ್ನು, ಸೂಡನ್ನು, ಹೊಲದಲ್ಲಿ ಬಿಡುತ್ತಿದ್ದ. ಅದು ನಿಂತಿರುವ ತನಕ ಯಾರೂ ಒಳಗೆ ಬರುವಂತಿಲ್ಲ. ಆ ಸೂಡಿಗೆ ಅವರು ಪೊಲೀಸಪ್ಪ ಎಂದೇ ಹೆಸರಿಟ್ಟಿದ್ದರು.

ವಾಣಿಶ್ರೀ ಅಲ್ಲಿಗೆ ಓದು ನಿಲ್ಲಿಸಿದಳು. ಹೊಲದ ನಡುವಿನ ಬಣವೆ, ಅಂಗಳದ ಖಾಲಿ ಗಾಡಿ, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಉಳಿದದ್ದಲ್ಲ, ಉಳಿಸಿದ್ದು. ಗಾಡಿಗೆ ಹಿಡಿಯಲಿಲ್ಲ ಎಂಬುದು ಅತ್ತೆಗೆ ಹೇಳಿದ ಮಾತು. ಇನ್ನೂ ಕೆಳಗೆ ಓದಿದಳು. ಹದಿನೆಂಟನೆಯ ಶತಮಾನದ ಕೊನೆಗೆ ಹೊಲದ ಮಾಲೀಕನೊಬ್ಬ ಹಕ್ಕಲು ಆಯ್ದ ಹೆಂಗಸಿನ ಮೇಲೆ ದಾವೆ ಹೂಡಿ ಗೆದ್ದಿದ್ದ. ಹಕ್ಕಲಿಗೆ ಕಾನೂನಿನಲ್ಲಿ ಹಕ್ಕಿಲ್ಲ ಎಂದು ಅಲ್ಲಿನ ಕೋರ್ಟು ಹೇಳಿತ್ತು. ಹೇಳಿದ ಮೇಲೂ ಆ ಸೀಮೆಯ ಹೆಂಗಸರು ನೂರು ವರ್ಷ ಹೊಲಕ್ಕೆ ಹೋಗುವುದನ್ನು ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಗಂಡ ಕಾಶಿನಾಥ ಬಂದ. ಉಣ್ಣುತ್ತ ತಾನಾಗಿಯೇ ಹೇಳಿದ: "ನಾಳೆ ಅಳವಂಡಿ ಕಡಿಯಿಂದ ಫಾರೂಕ ಟ್ರ್ಯಾಕ್ಟರಿಗೆ ರೂಟರ್ ಹಚಗೊಂಡು ಬರತಾನ. ನೆಲ ಹೊಡೆದು ಪುಡಿ ಮಾಡಿ ಸಂಜಿಗೆ ಕಡ್ಲಿ ಬಿತ್ತೂದು."

"ಹಕ್ಕಲ?" ಎಂದಳು ವಾಣಿಶ್ರೀ.

"ಯಾರಿಗೆ ಬ್ಯಾಡ ಅಂದೀನಿ? ಒಬ್ಬರಿಗೂ ಒಂದು ಮಾತು ಆಡಿಲ್ಲ ನಾನು."

"ಮಾತು ಯಾಕ ಆಡತೀರಿ, ಬಣವಿ ಆಡಾಕ ಹತ್ತೈತಲ್ಲ."

ಕಾಶಿನಾಥ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ. ಸಿಕ್ಕಿಬಿದ್ದವನಂತೆ ಸ್ವಲ್ಪ ನಕ್ಕ. "ಜಗಳಿಲ್ಲ, ತಕರಾರಿಲ್ಲ. ಕುಂತಾರ, ಬ್ಯಾಸರಾಗಿ ಎದ್ದು ಹೊಕ್ಕಾರ. ಹೋದ ವರ್ಷ ಇವರು ಆಯ್ದು ಮುಗಿಸೋದ್ರಾಗ ನೆಲದ ಹಸಿ ಆರಿ ಕಡ್ಲಿ ಅರ್ಧಕ್ಕರ್ಧ ಹುಟ್ಟಲಿಲ್ಲ. ಅದು ನಿನಗ ಗೊತ್ತೇನು?"

ಅದು ಅವಳಿಗೆ ಗೊತ್ತಿರಲಿಲ್ಲ. ಸುಳ್ಳಲ್ಲ ಎಂಬುದು ಅವನ ದನಿಯಿಂದಲೇ ತಿಳಿಯಿತು.

"ಎರಡು ದಿನ ಕೊಡ್ರಿ. ನಾಳೆ, ನಾಡದ. ಆಮ್ಯಾಲ ಹೊಡೀರಿ."

"ನೀ ಕಾಲೇಜಿನ್ಯಾಗ ಇಂಗ್ಲಿಷ್ ಹೇಳು. ಹೊಲ ನನಗ ಬಿಡು."

"ಇಂಗ್ಲಿಷಿನ್ಯಾಗೂ ಇದ ಐತ್ರಿ." ಅವಳು ಸೂಡಿನ ಸಂಗತಿ ಹೇಳಿದಳು.

ಕಾಶಿನಾಥನಿಗೆ ಖುಷಿಯಾಯಿತು. "ಅಂದ್ರ ದೊರಿಗಳಿಗೂ ನನ್ನಷ್ಟ ತಲಿ ಇತ್ತನ್ನು!"

"ಅವರು ಸೂಡು ಬಿಡತಿದ್ದದ್ದು ಕಾಯ್ರಿ ಅನ್ನಾಕ. ನೀವು ಬಿಟ್ಟದ್ದು ಬರಬ್ಯಾಡ್ರಿ ಅನ್ನಾಕ. ಬರಬ್ಯಾಡ್ರಿ ಅನ್ನಬೇಕಾದ್ರ ಬಾಯಿಲೆ ಅನ್ರಿ. ಬದುವಿಗೆ ಹೋಗಿ ದಾವಲಮ್ಮನ ಮುಖ ನೋಡಿ ಅನ್ರಿ."

ಅವನು ಮತ್ತೆ ರೊಟ್ಟಿ ಮುರಿಯತೊಡಗಿದ. ದಾವಲಬೀ ಅವನನ್ನು ಸಣ್ಣವನಿದ್ದಾಗ ಎತ್ತಿ ಆಡಿಸಿದವಳು.

ವಾಣಿಶ್ರೀ ಮಂಚದ ಕಡೆ ತಿರುಗಿದಳು. "ಅತ್ತಿ, ಬಣವಿ ಮನಿಯವರು ಯಾರು ತಗದರೂ ನಡೀತೈತೇನ್ರಿ?"

"ಮನಿಯವರು ಅಂದ್ರ ಮನಿಯವರು," ಎಂದರು ವಿರೂಪಾಕ್ಷಮ್ಮ. "ಮಗಾನ ತಗೀಬೇಕು, ಸೊಸಿ ತಗೀಬಾರದು ಅಂತ ನಮ್ಮತ್ತಿ ಏನೂ ಹೇಳಿಲ್ಲ." ಆಮೇಲೆ ಮಗನತ್ತ, "ನನ್ನ ಯಾಕ ಹಂಗ ನೋಡ್ತೀಯೋ? ಆಕಿ ಕೇಳಿದ್ಲು, ನಾ ಹೇಳಿದೆ," ಎಂದರು.

ಭಾನುವಾರ ಬೆಳಿಗ್ಗೆ ಕಾಶಿನಾಥ ಟ್ರ್ಯಾಕ್ಟರ್‌ಗೆ ದಾರಿ ತೋರಿಸಲು ಬೈಕು ಏರಿ ಹೊರಟ ಕೂಡಲೇ ವಾಣಿಶ್ರೀ ಹಳೆಯ ಸೀರೆ ಉಟ್ಟು, ಗೋಡೆಯ ಗೂಟದ ಹಗ್ಗ ಇಳಿಸಿಕೊಂಡು ಹೊಲಕ್ಕೆ ನಡೆದಳು. ಎತ್ತು ಹೂಡಲು ಅವಳಿಗೆ ಬರುತ್ತಿರಲಿಲ್ಲ. ಬರದೇ ಇದ್ದದ್ದು ಅದೊಂದೇ ಅಲ್ಲ ಎಂಬುದು ಬಣವೆಯ ಮುಂದೆ ನಿಂತಾಗ ತಿಳಿಯಿತು. ಮೊದಲ ಹೊರೆ ಎತ್ತುವಾಗಲೇ ಹಗ್ಗ ಜಾರಿ ಹೊಟ್ಟೆಲ್ಲ ಕಾಲಿನ ಮೇಲೆ ಬಿತ್ತು.

"ಹಂಗಲ್ರಿ ಟೀಚರಮ್ಮಾ!" ದಾವಲಬೀ ಬದುವಿನಿಂದ ಕೂಗಿದಳು. "ಹಗ್ಗ ಎರಡೆಳಿ ಮಾಡಿ ನೆಲಕ್ಕ ಹಾಸ್ರಿ. ಅದರ ಮ್ಯಾಲ ಒಟ್ಟರಿ."

"ಇಷ್ಟು ಸಾಕೇನ್ರಿ?"

"ಬಣವಿ ಪೂರಾ ಒಮ್ಮಿಗೇ ಹೊರತೀರೇನು? ಕಮ್ಮಿ ಮಾಡ್ರಿ!"

"ಸೆರಗು ಸುತ್ತಿ ತಲಿಗೆ ಸಿಂಬಿ ಮಾಡಿಕೊಳ್ರೀ ಅಕ್ಕಾರ, ಕುತ್ತಿಗಿ ಮುರೀತೈತಿ," ಎಂದಳು ಮಲ್ಲೇಶ್ವರಿ. ಎದ್ದು ನಿಂತಿದ್ದಳು, ಅವಳ ಕೈಗಳು ಎತ್ತಿಕೊಡಲು ತಾವಾಗಿಯೇ ಮುಂದೆ ಬಂದಿದ್ದವು. ಆದರೆ ಕಾಲು ಬದು ದಾಟಲಿಲ್ಲ. ಯಾರದೂ ದಾಟಲಿಲ್ಲ.

ಒಂದು ಹೊರೆ ರಸ್ತೆ ಬದಿಯ ಪಾಳು ಕಟ್ಟೆ ಮುಟ್ಟಿತು. ಆಮೇಲೆ ಮತ್ತೊಂದು. ಹೊಟ್ಟಿನ ದೂಳು ಬೆವರಿಗೆ ಅಂಟಿ ಕುತ್ತಿಗೆ, ತೋಳು ಉರಿಯತೊಡಗಿದವು. ಕೆದಕಿದ ಮಣ್ಣಿನಲ್ಲಿ ಹೆಜ್ಜೆ ಹುಗಿಯುತ್ತಿತ್ತು. ನಡುವೆ ಒಮ್ಮೆ ಕೂತಳು. ಕೂತರೆ ಏಳುವುದು ಕಷ್ಟವೆಂದು ತಿಳಿದು ಮತ್ತೆ ಕೂರಲಿಲ್ಲ. ಬದುವಿನ ಮೇಲಿನ ತಮಾಷೆ ಬರಬರುತ್ತ ನಿಂತಿತು. ಹೆಂಗಸರು ಕುರ್ಪಿ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದರು.

ಬಣವೆ ಮೊಣಕಾಲಿನಷ್ಟು ಉಳಿದು, ಅವಳು ಇನ್ನೊಂದು ಹೊರೆ ತಲೆಗೇರಿಸಿಕೊಂಡಿದ್ದಾಗ ರಸ್ತೆಯಲ್ಲಿ ಟ್ರ್ಯಾಕ್ಟರ್ ಸದ್ದು ಕೇಳಿತು. ಫಾರೂಕ ಬದುವಿನ ಬಾಯಿಗೆ ತಂದು ನಿಲ್ಲಿಸಿದ. ಹಿಂದೆಯೇ ಬಂದ ಕಾಶಿನಾಥ ಬೈಕು ಬಿಟ್ಟು ಓಡಿ ಬಂದ.

"ಏನಿದು ವಾಣಿ? ರಸ್ತೆ ಮಂದಿ ನೋಡಾಕ ಹತ್ತ್ಯಾರ."

"ನೋಡ್ಲಿ."

"ಇಳಸು ಮೊದಲು."

"ಇನ್ನೊಂದೆರಡು ಹೊರಿ ಅದಾವ. ಎತ್ತಿಕೊಡತೀರಿ ಅಂದ್ರ ಎತ್ತಿಕೊಡ್ರಿ. ಇಲ್ಲಂದ್ರ ದಾರಿ ಬಿಡ್ರಿ."

ಅವನು ಅವಳನ್ನೂ ಬಣವೆಯನ್ನೂ ನೋಡಿದ. ಆಮೇಲೆ ದನಿ ಇಳಿಸಿ ಹೇಳಿದ: "ತಗಿ, ತಗಿ. ಛಲೋನ ಆತು. ನಾನ ತಗೀಬೇಕಿತ್ತು, ನೀನ ತಗದಿ. ಜಾಗ ಖಾಲಿ ಆದಕೂಡ್ಲೆ ಫಾರೂಕ ಇಳೀತಾನ."

ಇದನ್ನು ಅವಳು ಎಣಿಸಿರಲಿಲ್ಲ. ಬಣವೆ ಹೋದರೆ ಹೆಂಗಸರಿಗೆ ದಾರಿ, ಹಾಗೆಯೇ ರೂಟರ್‌ಗೂ ದಾರಿ. ಅವಳು ಆ ಹೊರೆಯನ್ನು ಒಯ್ದು ಹಾಕಿ ಬಂದಳು. ಉಳಿದದ್ದನ್ನೆಲ್ಲ ಬರಿಗೈಯಿಂದ ಬಳಿದು, ಕಡ್ಡಿ ಕಸ ಕೂಡ ಬಿಡದೆ ಹಗ್ಗದ ಮೇಲೆ ಒಟ್ಟಿದಳು. ಹೊರೆ ದೊಡ್ಡದಾಯಿತು. ಕಾಶಿನಾಥ ಕೈ ಕಟ್ಟಿ ನಿಂತಿದ್ದ. ಒಬ್ಬಳೇ ಮೊಣಕಾಲೂರಿ, ಹೊರೆಯನ್ನು ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ತಲೆಗೆ ಏರಿಸಿಕೊಂಡಳು. ಅತ್ತ ಫಾರೂಕ ಎಂಜಿನ್ ಚಾಲೂ ಮಾಡಿದ.

ವಾಣಿಶ್ರೀ ಕಟ್ಟೆಯ ಕಡೆ ಹೋಗಲಿಲ್ಲ. ಇದ್ದಲ್ಲಿಯೇ ಬದುವಿನತ್ತ ತಿರುಗಿದಳು. "ಹಕ್ಕಲ ಬಿಟ್ಟೈತಿ! ಬರ್ರೆವ್ವಾ!" ಎಂದಳು.

ಎಂಜಿನ್ ಸದ್ದಿನಲ್ಲಿ ಅದು ಅವಳಿಗೇ ಕೇಳಲಿಲ್ಲ.

"ಇಂಥಾ ಸಣ್ಣ ದನಿಗೆ ಯಾರು ಇಳೀತಾರವ್ವಾ?" ದಾವಲಬೀ ಎದ್ದು ನಿಂತು ಸೆರಗು ಸಿಕ್ಕಿಸಿಕೊಳ್ಳುತ್ತ ಗದರಿದಳು. "ನಿಮ್ಮತ್ತಿ ಕೂಗಿದ್ರ ಹಳ್ಳದ ಆಚಿಗೆ ಕೇಳತಿತ್ತು. ಕ್ಲಾಸಿನ್ಯಾಗ ಹಿಂದಿನ ಬೆಂಚಿಗೆ ಹೆಂಗ ಕೂಗತೀರಿ? ಹಂಗ ಕೂಗ್ರಿ!"

ವಾಣಿಶ್ರೀ ಎರಡೂ ಕೈಗಳಿಂದ ಹೊರೆ ಹಿಡಿದು, ಉಸಿರು ಎಳೆದುಕೊಂಡು ಕೂಗಿದಳು. ಈ ಸಲ ಫಾರೂಕನೂ ತಿರುಗಿ ನೋಡಿದ. ಅವನು ಗಿಯರಿಗೆ ಹಾಕುವಷ್ಟರಲ್ಲಿ ಹೆಂಗಸರು ಬದು ಇಳಿದು ಸಾಲುಸಾಲಾಗಿ ಕುಕ್ಕರಿಸಿಬಿಟ್ಟಿದ್ದರು. ಕುರ್ಪಿಗಳು ಮಣ್ಣಿಗೆ ಬಿದ್ದವು.

"ಮಂದಿ ಇಳದ ಹೊಲದಾಗ ಗಾಡಿ ಬಿಡಾಂಗಿಲ್ಲ ಅಣ್ಣಾರ," ಎಂದ ಫಾರೂಕ. ಎಂಜಿನ್ ಬಂದ್ ಮಾಡಿದ.

ಕಾಶಿನಾಥ ಹೆಂಡತಿಯ ಹತ್ತಿರ ಬಂದ. ಸಿಟ್ಟು ಇನ್ನೂ ಇತ್ತು. "ಎಲ್ಲೀತನಕ?"

"ನಾಳೆ ಸಂಜಿತನಕ."

"ಹಸಿ ಆರಿದ್ರ?"

"ಆರಿದ್ರ ನನ್ನ ಬಯ್ರಿ. ಅವರನ್ನಲ್ಲ."

ಅವನು ನೆಲಕ್ಕೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಹಿಸುಕಿ ನೋಡಿದ. ಕೆಳಗೆ ಬಿಟ್ಟ. "ಫಾರೂಕ, ಬಾವಿ ಕಡಿ ಹೊಲದ ತುಂಡಿಗೆ ನಡಿ. ಮೊದಲು ಅದನ್ನ ಹೊಡಿ," ಎಂದು ಬೈಕಿನತ್ತ ಹೋದ.

ವಾಣಿಶ್ರೀ ಹೊರೆ ಹೊತ್ತುಕೊಂಡು ಕಟ್ಟೆಯ ಕಡೆ ನಡೆಯತೊಡಗಿದಳು. ಹಿಂದಿನಿಂದ ದಾವಲಬೀ, "ಏ ಮಲ್ಲೇಶಿ, ನಿನ್ನ ಸಾಲು ಬಿಟ್ಟು ನನ್ನ ಸಾಲಿಗೆ ಯಾಕ ಬರತೀ?" ಎಂದು ಜಗಳ ತೆಗೆಯುತ್ತಿದ್ದಳು.