ನಮ್ಮ ದಂಡಿ ಯಾವದ್ರಿ

ಖಡಕ್ ರೊಟ್ಟಿ ಮುರಿದರೆ ಲಟಕ್ಕನೆ ಸದ್ದಾಗಬೇಕು. ಸುರಪುರದ ಸೀಮೆಯಲ್ಲಾದರೂ ಅಷ್ಟೇ, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಪಟ್ಟಣದ ಲಾಡ್ಜಿನಲ್ಲಾದರೂ ಅಷ್ಟೇ. ಚಂದ್ರಕಲಾ ಮಂಚದ ಮೇಲೆ ಹಾಳೆ ಹಾಸಿ ತನ್ನ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ತೆಗೆದಿಟ್ಟುಕೊಂಡಳು. ಕಿಟಕಿಯ ಹತ್ತಿರ ನೆಲದ ಮೇಲೆ ಕೂತ ಭೀಮವ್ವ ತನ್ನ ಗಂಟು ಬಿಚ್ಚಿ ತನ್ನ ರೊಟ್ಟಿ ತಾನು ಮುರಿದಳು. ಒಂದೇ ಕೋಣೆ, ಒಂದೇ ಊರಿನ ಜೋಳ, ಊಟ ಮಾತ್ರ ಎರಡು ಕಡೆ.

ಇವರಿಬ್ಬರು ಸಮುದ್ರ ದಾಟಿ ಬಂದದ್ದು ಕೌದಿಯ ದೆಸೆಯಿಂದ. ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ, ಒಂದರ ಮೇಲೊಂದು ಹಾಸಿ, ಕೈಹೊಲಿಗೆ ಹಾಕಿ ಮಾಡುವ ಹೊದಿಕೆಗೆ ಹೊರದೇಶದಲ್ಲಿ ಇಷ್ಟು ಮರ್ಯಾದೆ ಇದೆಯೆಂದು ಯಾರಿಗೆ ಗೊತ್ತಿತ್ತು? ಚಂದ್ರಕಲಾಳ ಮನೆಯ ಕಟ್ಟೆಯ ಮೇಲೆ ಊರಿನ ಹೆಂಗಸರು ಕೂತು ಹೊಲಿದ ಕೌದಿಗಳನ್ನು ಯಾರೋ ನೋಡಿ, ಇನ್ಯಾರಿಗೋ ಹೇಳಿ, ಕೊನೆಗೆ ಕೈಕಸುಬಿನ ಮೇಳವೊಂದಕ್ಕೆ ಇಬ್ಬರಿಗೆ ಕರೆ ಬಂತು. ಆ ಹೆಂಗಸರ ಸಂಘ ನಡೆಸುವವಳು ಚಂದ್ರಕಲಾ, ಸೂಜಿ ಹಿಡಿದರೆ ಅವಳನ್ನು ಮೀರಿಸುವವಳು ಭೀಮವ್ವ. ಮೇಳ ನಿನ್ನೆಗೆ ಮುಗಿದಿತ್ತು. ಈ ದಿನ ಊರು ನೋಡುವುದು, ನಾಳೆ ವಿಮಾನ ಹತ್ತುವುದು.

"ಅಕ್ಕಾರ, ಒಂದು ಮಾತು ಹೇಳೂದಿತ್ರಿ," ಎಂದಳು ಭೀಮವ್ವ, ರೊಟ್ಟಿಯ ಚೂರು ಕೈಯಲ್ಲೇ ಹಿಡಿದು. "ಊರಿಗಿ ಹೋದ ಮ್ಯಾಲ ನಾ ನಿಮ್ಮ ಕಟ್ಟಿಗಿ ಹೊಲ್ಯಾಕ ಬರಂಗಿಲ್ರಿ."

ಚಂದ್ರಕಲಾ ಕೈಯಲ್ಲಿದ್ದ ರೊಟ್ಟಿಯನ್ನು ಹಾಳೆಯ ಮೇಲಿಟ್ಟಳು. "ಯಾಕ? ನಾ ನಿನಗ ಏನ್ ಕಡಿಮಿ ಮಾಡೀನಿ?"

"ನೀವೇನೂ ಮಾಡಿಲ್ರಿ. ಪಂಚಶೀಲಾ ಬ್ಯಾಡ ಅಂದಾಳ."

ಪಂಚಶೀಲಾ ಭೀಮವ್ವನ ಮಗಳು, ಯಾದಗಿರಿಯಲ್ಲಿ ನರ್ಸಿಂಗ್ ಓದುತ್ತಿದ್ದಳು. "ಯಾಕ ಬ್ಯಾಡ ಅಂತಾಳ?" ಎಂದರೆ, "ಅದನ್ನ ಆಕಿನ್ನೇ ಕೇಳ್ರಿ, ನನಗ ಹೇಳಾಕ ಬರಂಗಿಲ್ಲ," ಎಂದು ಭೀಮವ್ವ ಗಂಟು ಕಟ್ಟಿದಳು.

ಚಂದ್ರಕಲಾಳ ಮನಸ್ಸು ಕಹಿಯಾಯಿತು. ಆಕೆ ಕೆಟ್ಟವಳಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಊರಲ್ಲಿ ಭೀಮವ್ವನ ಓಣಿಯವರನ್ನು ಕಟ್ಟೆ ಹತ್ತಿಸಿದ್ದು ಅವಳ ಮನೆಯೊಂದೇ. ಅದಕ್ಕಾಗಿ ಅತ್ತೆ ಗುರುಬಸಮ್ಮನಿಂದ ಬೈಸಿಕೊಂಡಿದ್ದಳು, ಬೀಗರಿಂದ ಚುಚ್ಚುಮಾತು ಕೇಳಿದ್ದಳು. ಬೇಸಿಗೆಯಲ್ಲಿ ಭೀಮವ್ವನಿಗೆ ನೀರಡಿಕೆಯಾದರೆ ಚಂದ್ರಕಲಾ ತಾನೇ ಎದ್ದು ಹೋಗಿ, ಬಾಗಿಲ ಒಳಗಿನ ಮಣ್ಣಿನ ಹರವಿಯಿಂದ ತಣ್ಣನೆಯ ನೀರು ತರುತ್ತಿದ್ದಳು. ಭೀಮವ್ವ ಕಟ್ಟೆಯ ಅಂಚಿಗೆ ಬಂದು ಬಗ್ಗಿ, ಬೊಗಸೆಯನ್ನು ಬಾಯಿಗೆ ಹಚ್ಚುತ್ತಿದ್ದಳು. ಚಂದ್ರಕಲಾ ಮೇಲಿನಿಂದ, ತಂಬಿಗೆ ತಾಗದ ಹಾಗೆ, ಆಕೆ ಸಾಕು ಅನ್ನುವ ತನಕ ಸುರುವುತ್ತಿದ್ದಳು. ಎಂದೂ ಮುಖ ಸಿಂಡರಿಸಿದವಳಲ್ಲ. ಇಷ್ಟು ಮಾಡಿದ ಮೇಲೂ ಬರುವುದಿಲ್ಲ ಅಂದರೆ, ಹಾಲೆರೆದ ಕೈಗೇ ಹಾವು ಕಚ್ಚಿತಲ್ಲ ಅನ್ನಿಸಿತು ಅವಳಿಗೆ.

ಊರು ತೋರಿಸಲು ಸುಮಂಗಲಾ ಬಂದಳು. ಕಲಬುರಗಿಯ ಹೆಣ್ಣುಮಗಳು, ಮದುವೆಯಾಗಿ ಇಲ್ಲೇ ನೆಲೆಸಿದವಳು. ಮೇಳದಲ್ಲಿ ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ದಾಟಿಸಿದವಳು. "ಕೆರಿ ನೋಡೂಣು ಬರ್ರಿ," ಎಂದು ಕರೆದುಕೊಂಡು ಹೋದಳು.

ಕೆರೆ ಅಂದರೆ ಚಂದ್ರಕಲಾ ಎಂಥದೋ ಕೆರೆ ಅಂದುಕೊಂಡಿದ್ದಳು. ಅಂಗಡಿಗಳ ಸಾಲು ಮುಗಿದು, ಟ್ರಾಮಿನ ಹಳಿ ದಾಟಿ, ಮರಗಳ ನೆರಳಿನಿಂದ ಹೊರಗೆ ಕಾಲಿಟ್ಟಳು. ಕಣ್ಣು ಹಾಯುವಷ್ಟು ದೂರ ನೀರು. ನಾರಾಯಣಪುರದ ಆಣೆಕಟ್ಟಿನ ಹಿಂದೆ ಕೃಷ್ಣೆ ನಿಂತಿದ್ದನ್ನು ಕಂಡವಳೇ ಅವಳು. ಆದರೆ ಆ ನೀರಿಗೆ ಮಣ್ಣಿನ ಬಣ್ಣ. ಇದು ನೀಲಿಯೂ ಹೌದು, ಹಸಿರೂ ಹೌದು, ಮೋಡ ಸರಿದಾಗಲೊಮ್ಮೆ ಇನ್ನೊಂದು ಬಣ್ಣ. ದಂಡೆಯಲ್ಲಿ ಬಗ್ಗಿ ನೋಡಿದರೆ ತಳದ ಕಲ್ಲುಗಳು ಒಂದೊಂದೂ ಕಾಣುತ್ತಿದ್ದವು. ಬಿಳಿ ಹಾಯಿಯ ದೋಣಿಗಳು ಅವಸರವಿಲ್ಲದೆ ಓಡಾಡುತ್ತಿದ್ದವು. ಹಂಸಗಳು, ಕ್ಯಾಲೆಂಡರಿನಲ್ಲಿ ಸರಸ್ವತಿಯ ಕಾಲಬಳಿ ಬಿಟ್ಟರೆ ಬೇರೆಲ್ಲೂ ಕಾಣದ ಹಂಸಗಳು, ಕೋಳಿ ಬಂದಂತೆ ಹತ್ತಿರ ಬಂದು ಕತ್ತು ಚಾಚಿದವು. ನೀರು ಮುಗಿಯುವ ಕಡೆ ಬೆಟ್ಟಗಳು, ಬೆಟ್ಟಗಳ ಹಿಂದೆ ಮತ್ತೂ ಎತ್ತರದ ಬೆಟ್ಟಗಳು, ಅವುಗಳ ನೆತ್ತಿಯಲ್ಲಿ ಈ ಜೂನ್ ಬಿಸಿಲಿಗೂ ಕರಗದ ಹಿಮ.

ಮುಂಜಾನೆಯ ಸಿಟ್ಟು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಸುಮ್ಮನೆ ಕೈ ಮುಗಿದಳು.

ಭೀಮವ್ವ ಬೆಟ್ಟದ ಸಾಲನ್ನು ದಿಟ್ಟಿಸುತ್ತಿದ್ದಳು. "ನಮ್ಮ ಶಹಾಪುರದ ಗುಡ್ಡದಾಗ ಬುದ್ಧ ಮಲಗ್ಯಾನಲ್ರಿ," ಎಂದಳು ಮೆಲ್ಲಗೆ, ಮಲಗಿದ ಬುದ್ಧನಂತೆ ಕಾಣುವ ಆ ಗುಡ್ಡವನ್ನು ನೆನೆದು, "ಇಲ್ಲಿ ಯಾರ್ ಮಲಗ್ಯಾರೋ. ಬಿಳೀ ಕೌದಿ ಹೊಚ್ಚಿಕೊಂಡು ಮಲಗ್ಯಾರ ನೋಡ್ರಿ."

ಸುಮಂಗಲಾ ನಕ್ಕಳು. ಮೂವರೂ ದಂಡೆ ಹಿಡಿದು ನಡೆದರು. ಆಫೀಸಿನಿಂದ ಎದ್ದು ಬಂದವರಂತೆ ಕಾಣುವ ಗಂಡಸರು ಅಂಗಿ ಕಳಚಿ ಮಡಚಿಟ್ಟು ದುಡುಂ ಎಂದು ನೀರಿಗೆ ಬೀಳುತ್ತಿದ್ದರು. ಗುರುಬಸಮ್ಮನ ವಯಸ್ಸಿನ ಮುದುಕಿಯರು ಆರಾಮಾಗಿ ಈಜಿ ಬಂದು, ತಲೆ ಒರೆಸಿಕೊಂಡು, ಐಸ್ಕ್ರೀಮು ತಿನ್ನುತ್ತಿದ್ದರು. ಕರಿಯರು, ಬಿಳಿಯರು, ತಲೆಗೆ ಬಟ್ಟೆ ಸುತ್ತಿದವರು, ಮೈತುಂಬ ಹಚ್ಚೆ ಹಾಕಿಸಿಕೊಂಡವರು, ಎಲ್ಲ ಒಂದೇ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ನೀರು ಕಾಯುವವರು, ಗದರಿಸುವವರು ಒಬ್ಬರಾದರೂ ಇದ್ದಾರೆಯೇ ಎಂದು ಚಂದ್ರಕಲಾ ಸುತ್ತ ನೋಡಿದಳು. ಯಾರೂ ಇರಲಿಲ್ಲ.

"ಈ ಕೆರಿ ನೀರೇ ಶುದ್ಧ ಮಾಡಿ ಊರಿಗೆಲ್ಲ ಕುಡ್ಯಾಕ ಬಿಡ್ತಾರ," ಎಂದಳು ಸುಮಂಗಲಾ. "ಇಲ್ಲಿ ಯಾರ ಮನ್ಯಾಗ ನಳ ತಿರುವಿದ್ರೂ ಬಹಳ ಮಟ್ಟಿಗೆ ಇದೇ ಬರ್ತದ."

"ಇಷ್ಟು ಮಂದಿ ಇಳದ ನೀರಾ?" ಎಂದಳು ಚಂದ್ರಕಲಾ.

"ಇದೇ ನೀರ್ರಿ."

ಭೀಮವ್ವ ಕಾಲು ತೊಯಿಸಿಕೊಳ್ಳಲು ಸೀರೆಯ ನಿರಿಗೆ ಎತ್ತಿದವಳು ಅಲ್ಲೇ ನಿಂತಳು. ಆ ಕಡೆ ಈ ಕಡೆ ನೋಡಿ ಕೇಳಿದಳು, "ತಂಗಿ, ಇಲ್ಲಿ ನಮ್ಮ ದಂಡಿ ಯಾವದ್ರಿ? ನಮ್ಮ ಮಂದಿ ಇಳಿಯೂದು ಯಾವ ಕಡೀಂದ?"

ಸುಮಂಗಲಾ ಕಲಬುರಗಿಯವಳು. ಪ್ರಶ್ನೆ ಅವಳಿಗೆ ಅರ್ಥವಾಗದೇ ಇರುತ್ತದೆಯೇ? ಅವಳ ಮುಖ ಸಣ್ಣದಾಯಿತು. "ಎಲ್ಲಾ ಕಡೀಂದನೂ ಇಳೀಬಹುದು ಯವ್ವಾ," ಎಂದಳು.

ಭೀಮವ್ವ ಮೆಟ್ಟಿಲು ಇಳಿದಳು. ಮೊಣಕಾಲಿನ ತನಕ ನೀರು ಬಂದಾಗ ಉಸಿರು ಎಳೆದುಕೊಂಡು, "ಎಷ್ಟು ತಣ್ಣಗ ಅದಾವವ್ವ," ಎಂದು ಹುಡುಗಿಯ ಹಾಗೆ ನಕ್ಕಳು. ಚಂದ್ರಕಲಾಳೂ ಇಳಿದಳು. ಇಬ್ಬರೂ ಒಂದೇ ನೀರಲ್ಲಿ ನಿಂತರು. ದೂರದಲ್ಲಿ ಗುಡಿಯ ಗಂಟೆಗಳಂತೆ ಇಲ್ಲಿನ ಚರ್ಚುಗಳ ಗಂಟೆಗಳು ಒಂದರ ಹಿಂದೊಂದು ಮೊಳಗಿದವು.

ಬಿಸಿಲು ಏರಿ ನೀರಡಿಕೆಯಾಯಿತು. ದಂಡೆಯ ಮೇಲಿನ ಬೀದಿಯಲ್ಲೇ ಕಲ್ಲಿನ ಕಾರಂಜಿಯೊಂದಿತ್ತು. ಹಿತ್ತಾಳೆಯ ಕೊಳವೆಯಿಂದ ನೀರು ಸದಾ ಸುರಿಯುತ್ತಿತ್ತು. ಕೋಟು ಹಾಕಿದ ಮುದುಕನೊಬ್ಬ ಬಾಯಿ ಒಡ್ಡಿ ಕುಡಿದು ಹೋದ. ಒಬ್ಬಳು ಬಾಟಲಿ ತುಂಬಿಕೊಂಡಳು. ಕೆಳಗಿನ ಸಣ್ಣ ಕಲ್ಲಿನ ತೊಟ್ಟಿಯಲ್ಲಿ ನಾಯಿಯೊಂದು ಲೊಚಲೊಚ ನೆಕ್ಕುತ್ತಿತ್ತು.

ಭೀಮವ್ವ ಕಾರಂಜಿಯಿಂದ ಎರಡು ಮಾರು ದೂರ ನಿಂತಳು. ನಿಂತು ಬಗ್ಗಿದಳು, ಬೊಗಸೆಯನ್ನು ಬಾಯಿಗೆ ಹಚ್ಚಿದಳು, ಚಂದ್ರಕಲಾಳ ಕಡೆ ಕಣ್ಣೆತ್ತಿ ಕಾದಳು.

ಇನ್ನೂ ಹೇಳಬೇಕಾದ್ದು ಏನೆಂದರೆ, ಚಂದ್ರಕಲಾಳ ಕೈಯೂ ತನ್ನಷ್ಟಕ್ಕೆ ತಾನು ಚೀಲದೊಳಗೆ ಹೋಗಿ ಸ್ಟೀಲ್ ಗ್ಲಾಸು ಹುಡುಕಿತು. ಗ್ಲಾಸು ತುಂಬಿಕೊಂಡು ಬಂದು ಮೇಲೆ ಎತ್ತಿಯೂ ಬಿಟ್ಟಿದ್ದಳು. ಅಷ್ಟರಲ್ಲಿ ಬಾಟಲಿ ತುಂಬಿಕೊಂಡ ಹೆಂಗಸು ಓಡಿ ಬಂದು ಭೀಮವ್ವನ ಮೊಣಕೈ ಹಿಡಿದುಕೊಂಡು, ಕಳವಳದಿಂದ ಏನೋ ಕೇಳಿದಳು.

"ಏನಂತಾರ?" ಎಂದಳು ಚಂದ್ರಕಲಾ.

ಸುಮಂಗಲಾ ತಡವರಿಸಿದಳು. "ಇವರ ಕೈಗೆ ಏನಾಗ್ಯಾದ ಅಂತ ಕೇಳಾಕತ್ತಾರ. ಗ್ಲಾಸು ಹಿಡ್ಯಾಕ ಬರೂದಿಲ್ಲೇನು, ದವಾಖಾನಿಗಿ ಕರಕೊಂಡು ಹೋಗಬೇಕೇನು ಅಂತ."

ಕೈ! ಎಂಥ ಕೈ ಅದು. ಮೇಳಕ್ಕೆ ಬಂದವರು ಆ ಕೈಯ ಹೊಲಿಗೆಯನ್ನು ಮುಟ್ಟಿ ಮುಟ್ಟಿ ನೋಡಿದ್ದರು. ಇಷ್ಟು ವರ್ಷ ಯಾವುದನ್ನು ಚಂದ್ರಕಲಾ ತನ್ನ ಒಳ್ಳೆಯತನ ಅಂದುಕೊಂಡಿದ್ದಳೋ, ಅದನ್ನು ಈ ಪರದೇಶದ ಹೆಂಗಸಿಗೆ ಏನೆಂದು ವಿವರಿಸಿ ಹೇಳುವುದು? ಪಂಚಶೀಲಾ ಯಾಕೆ ಬೇಡ ಅಂದಳೆಂದು ಈಗ ಯಾರನ್ನೂ ಕೇಳಬೇಕಾಗಿರಲಿಲ್ಲ. ನಾಚಿಕೆಯಿಂದ ಅವಳ ಕಣ್ಣು ತುಂಬಿದವು.

"ಆಕಿ ಕೈ ನೆಟ್ಟಗ ಅದಾವು ಅಂತ ಹೇಳ್ರಿ," ಎಂದು ಗ್ಲಾಸನ್ನು ಕೆಳಗಿಳಿಸಿ ಭೀಮವ್ವನ ಮುಂದೆ ಹಿಡಿದಳು. "ತಗೋ ಯಕ್ಕಾ."

ತನಗಿಂತ ಹಿರಿಯಳಾದ ಆಕೆಯನ್ನು ಅವಳು ಅಕ್ಕಾ ಎಂದದ್ದು ಅದೇ ಮೊದಲು. ಭೀಮವ್ವ ಗ್ಲಾಸು ಮುಟ್ಟಲಿಲ್ಲ. "ನಿಮ್ಮ ಮನಿ ಗ್ಲಾಸ್ರಿ ಅದು. ಆಮ್ಯಾಲ ಅದನ್ನ ಏನ್ ಮಾಡ್ತೀರಿ?"

"ನಾ ಕುಡೀತೀನಿ."

ಭೀಮವ್ವ ತುಟಿ ಹಚ್ಚಿ ಅರ್ಧ ಕುಡಿದಳು. ಉಳಿದರ್ಧವನ್ನು ಚಂದ್ರಕಲಾ ಕುಡಿದಳು. ನೀರು ನೀರಿನ ಹಾಗೇ ಇತ್ತು.

"ಇನ್ನ ಮ್ಯಾಲರ ಪಂಚಶೀಲಾಗ ಇದನ್ನ ಹೇಳ್ತಿಯಿಲ್ಲ?" ಎಂದು ಕೇಳಿದಳು ಚಂದ್ರಕಲಾ, ಆಸೆಯಿಂದ.

ಭೀಮವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಲ್ಲಿ ಯಾರರ ಕುಡೀತಾರ ಬಿಡ್ರಿ, ನೋಡವರು ಯಾರದಾರ? ಊರಾಗ ಕುಡೀರಿ. ಆಕಿಗಿ ನಾ ಹೇಳೂದು ಬ್ಯಾಡ, ಆಕಿನೇ ನೋಡ್ತಾಳ."

ಊರಿಗೆ ಬಂದ ಮರುದಿನ ಚಂದ್ರಕಲಾ ಹರವಿಯನ್ನು ತಬ್ಬಿ ಎತ್ತಿಕೊಂಡು ಹೋಗಿ, ಹೊರಗೆ ಕಟ್ಟೆಯ ಮೇಲೆ, ಎಲ್ಲರ ಕೈಗೆ ಸಿಗುವಲ್ಲಿ ಇಟ್ಟಳು. ಪಕ್ಕದಲ್ಲಿ ಒಂದೇ ಒಂದು ಗ್ಲಾಸು. ಗುರುಬಸಮ್ಮ ಕೆಂಡವಾದರು.

"ನಾವೇನ್ ಅವರನ್ನ ಬೈದೇವಾ, ಬಡದೇವಾ? ನೀರಡಿಸಿ ಬಂದವರನ್ನ ಹಂಗ ಕಳಿಸೇವಾ? ಹಿರ್ಯಾರು ನಡಿಸಿಕೊಂಡು ಬಂದದ್ದನ್ನ ನಾಕು ದಿನ ದೇಶ ಸುತ್ತಿ ಬಂದು ಮುರೀತಿ?"

"ಇಲ್ರಿ ಅತ್ತಿ, ಬೈದಿಲ್ಲ, ಬಡದಿಲ್ಲ. ಬೊಗಸಿ ಒಡ್ಡಿಸೀವಿ," ಎಂದಳು ಚಂದ್ರಕಲಾ. "ನನ್ನ ಕೈಲೆ ಇನ್ನ ಸುರುವಾಕ ಆಗಂಗಿಲ್ರಿ. ನಿಮಗ ಬ್ಯಾಡಾದ್ರ ನಿಮ್ಮ ಹರವಿ ಒಳಗ ಬ್ಯಾರೆ ಇಡ್ತೀನಿ."

ಅತ್ತೆ ಮಾತು ಬಿಟ್ಟರು. ಹೊಲಿಯುವವರಲ್ಲಿ ಇಬ್ಬರು ಆ ದಿನ ಬರಲಿಲ್ಲ. ಬಂದವರೂ ಹರವಿಯ ಕಡೆ ನೋಡಿಯೂ ನೋಡದಂತೆ ಸೂಜಿ ಪೋಣಿಸುತ್ತಿದ್ದರು. ಚಂದ್ರಕಲಾ ಎಲ್ಲರ ಕಣ್ಣೆದುರಿಗೇ ಎರಡು ಸಲ ಆ ಗ್ಲಾಸಿನಲ್ಲಿ ಕುಡಿದಳು.

ಮಧ್ಯಾಹ್ನ, ಅವ್ವನನ್ನು ನೋಡಲು ಯಾದಗಿರಿಯಿಂದ ಊರಿಗೆ ಬಂದಿದ್ದ ಪಂಚಶೀಲಾ ಕಟ್ಟೆಗೆ ಬಂದಳು. ಜೊತೆಗೆ ಬಂದ ಭೀಮವ್ವ ಎದುರಿನ ಬೇವಿನ ಗಿಡದ ಕೆಳಗೇ ನಿಂತಳು.

"ಅವ್ವನ ಕತ್ರಿ, ಸೂಜಿ ಇಲ್ಲೇ ಉಳಿದಾವ್ರಿ. ಒಯ್ಯಾಕ ಬಂದೀನಿ," ಎಂದಳು ಹುಡುಗಿ, ಬಿಗಿಯಾಗಿ.

ಚಂದ್ರಕಲಾ ಕತ್ತರಿ, ಸೂಜಿಡಬ್ಬಿ ತಂದುಕೊಟ್ಟಳು. ಇರು ಅನ್ನಲಿಲ್ಲ, ಕುಡಿ ಅನ್ನಲಿಲ್ಲ. ಅನ್ನುವ ಧೈರ್ಯವಾಗಲಿಲ್ಲ. ತಿರುಗಿದ ಪಂಚಶೀಲಾಳ ಕಣ್ಣು ಹರವಿಯ ಮೇಲೆ ಬಿತ್ತು. ಗ್ಲಾಸಿನ ಮೇಲೆ ಬಿತ್ತು. ಬಾಗಿಲಲ್ಲಿ ಕೂತು ದಿಟ್ಟಿಸುತ್ತಿದ್ದ ಗುರುಬಸಮ್ಮನ ಮೇಲೂ ಬಿತ್ತು. ಅವಳಿಗೆ ನೀರಡಿಕೆ ಆಗಿತ್ತೋ ಇಲ್ಲವೋ. ಕತ್ತರಿಯನ್ನು ಕೆಳಗಿಟ್ಟು, ಮುಚ್ಚಳ ಸರಿಸಿ, ಗ್ಲಾಸು ಅದ್ದಿ, ತುಟಿ ಹಚ್ಚಿ, ಮುದುಕಿಯ ಕಣ್ಣಲ್ಲಿ ಕಣ್ಣಿಟ್ಟು, ಸಾವಕಾಶವಾಗಿ ಅಷ್ಟೂ ಕುಡಿದಳು. ಕಟ್ಟೆಯ ಮೇಲೆ ಎಲ್ಲ ಸೂಜಿಗಳೂ ನಿಂತವು. ಚಂದ್ರಕಲಾ ಅತ್ತೆಯ ಬಾಯಿ ನೋಡಿದಳು.

ಗುರುಬಸಮ್ಮ ಕೆಮ್ಮಿದರು. ಮುಖ ಅತ್ತ ತಿರುಗಿಸಿದರು, ಮತ್ತೆ ಇತ್ತ ತಿರುಗಿಸಿದರು.

"ಕುಡದ ಮ್ಯಾಲ ನೆಟ್ಟಗ ಮುಚ್ಚಿಡವ್ವ," ಎಂದು ಗೊಣಗಿದರು. "ಧೂಳು ಬೀಳ್ತದ."

ಪಂಚಶೀಲಾ ಮುಚ್ಚಳ ಮುಚ್ಚಿದಳು. ಕೆಳಗಿಟ್ಟ ಕತ್ತರಿಯನ್ನು ಅವಳು ಎತ್ತಿಕೊಳ್ಳಲಿಲ್ಲ. ಬೇವಿನ ಗಿಡದ ಕೆಳಗೆ ಭೀಮವ್ವ ಚಪ್ಪಲಿ ಕಳಚಿ, ಸೆರಗು ಸರಿಮಾಡಿಕೊಂಡು ಕಟ್ಟೆ ಹತ್ತಿದಳು.