ಮೂರನೆಯ ಸರಪಳಿ

ನಮ್ಮೂರಿಗೆ ಬರುವವರೆಲ್ಲ ನದಿಯನ್ನು ತಾಯಿ ಎನ್ನುತ್ತಾರೆ. ನಾವೂ ಎನ್ನುತ್ತೇವೆ, ಆದರೆ ಈ ತಾಯಿಯ ಕೋಪವೂ ನಮಗೆ ಗೊತ್ತು. ಮೂಲ ಇಲ್ಲಿಂದ ಬರೀ ನಾಲ್ಕು ಮೈಲಿ ಮೇಲಿದೆ. ಹಿಮ ಕರಗಿ ಆಗಷ್ಟೇ ಹುಟ್ಟಿದ ನೀರು ಸ್ನಾನದ ಮೆಟ್ಟಿಲ ಹತ್ತಿರ ಸೊಂಟದವರೆಗೂ ಬರುವುದಿಲ್ಲ, ಆದರೂ ಎತ್ತನ್ನು ಎಳೆದುಕೊಂಡು ಹೋಗುವಷ್ಟು ಸೆಳೆತ. ಅದಕ್ಕೇ ಮೆಟ್ಟಿಲಿನುದ್ದಕ್ಕೂ ಏಳು ಕಬ್ಬಿಣದ ಕಂಬ ನೆಟ್ಟು, ಒಂದೊಂದಕ್ಕೂ ಒಂದು ಸರಪಳಿ ಬಿಗಿದು ನೀರಿಗೆ ಇಳಿಬಿಟ್ಟಿದ್ದಾರೆ. ಯಾತ್ರಿಕರು ಒಂದು ಕೈಯಲ್ಲಿ ಸರಪಳಿ, ಇನ್ನೊಂದು ಕೈಯಲ್ಲಿ ಮೂಗು ಹಿಡಿದು ಮುಳುಗೇಳುತ್ತಾರೆ. ಆ ಏಳು ಸರಪಳಿಗಳನ್ನು ನೋಡಿಕೊಳ್ಳುವುದು ನಮ್ಮ ಮನೆಯ ಕೆಲಸ.

ಚಳಿಗಾಲದಲ್ಲಿ ಯಾತ್ರೆಯ ದಾರಿ ಮುಚ್ಚಿದಾಗ ಅವನ್ನು ಬಿಚ್ಚಿ ಕುಲುಮೆಗೆ ತರುತ್ತೇವೆ. ದಾರಿ ತೆರೆಯುವ ಮೊದಲು ಕೊಕ್ಕೆಗೆ ನೇತುಹಾಕಿ, ಒಂದೊಂದೇ ಕೊಂಡಿಯನ್ನು ಒರೆಸಿ, ಸಣ್ಣ ಸುತ್ತಿಗೆಯಿಂದ ಹೊಡೆದು ನೋಡಬೇಕು. ಗಟ್ಟಿ ಕೊಂಡಿ ಠಣ್ ಎನ್ನುತ್ತದೆ. ಒಳಗೆ ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಠಸ್ ಎನ್ನುತ್ತದೆ. ಕಣ್ಣಿಗೆ ಎರಡೂ ಒಂದೇ, ಕಿವಿಗೆ ಮಾತ್ರ ಬೇರೆ. ನನ್ನ ಮಾವನವರ ಕಾಲದಲ್ಲಿ ಒಮ್ಮೆ ಒಂದು ಕೊಂಡಿ ಬಾಯಿಬಿಟ್ಟು ತಾಯಿ ಮಗಳಿಬ್ಬರೂ ಹೋದರು. ಹೆಣ ಸಿಕ್ಕಿದ್ದು ಹನ್ನೊಂದು ಮೈಲಿ ಕೆಳಗೆ. ಮಾವನವರು ಆಮೇಲೆ ಆರು ವರ್ಷ ಬದುಕಿದ್ದರು, ಆದರೆ ಅದನ್ನು ಬದುಕು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮೆಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ. ಅವರ ಸುತ್ತಿಗೆ ನಮ್ಮವರ ಕೈಗೆ ಬಂದಾಗ ನಮ್ಮವರಿಗೆ ಇಪ್ಪತ್ತೆರಡು ವರ್ಷ.

ನಮ್ಮವರಿಗೆ ಕಿವಿ ಕೇಳುವುದಿಲ್ಲ ಎಂದು ನನಗೆ ತಿಳಿದದ್ದು ಮೂರು ವರ್ಷದ ಹಿಂದೆ. ಅವರ ಬೆನ್ನ ಹಿಂದೆ ನಿಂತು ಅವರ ತಂಗಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ತಿರುಗಿಯೂ ನೋಡಲಿಲ್ಲ. ತಂಗಿಯನ್ನು ಅಂದರೆ ಸುಮ್ಮನಿರುವ ಗಂಡಸಲ್ಲ ಅವರು! ಎದುರಿಗೆ ಬಂದು ಅದನ್ನೇ ಇನ್ನೊಂದು ಸಲ ಅಂದೆ. ನನ್ನ ತುಟಿ ನೋಡಿದರು, ಆಮೇಲೆ ಮುಖ ಕೆಂಪಾಯಿತು. ನನಗೆ ಜಗಳ ಮರೆತೇ ಹೋಯಿತು. ಮೂವತ್ತು ವರ್ಷಕ್ಕೂ ಮೇಲೆ ಕಬ್ಬಿಣದ ಬಡಿತ ಕೇಳಿದ ಕಿವಿ, ಇನ್ನೆಷ್ಟು ದಿನ ತಾಳೀತು?

ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಸುತ್ತಿಗೆ ಕಿತ್ತುಕೊಂಡರೆ ಅವರೂ ತಮ್ಮ ಅಪ್ಪನ ಹಾಗೆ ಗೋಡೆ ನೋಡುತ್ತಾ ಕೂತುಬಿಡುತ್ತಾರೆಂದು ನನಗೆ ಭಯ. ಆ ವರ್ಷದಿಂದ ಕೊಂಡಿ ಒರೆಸುವ ಕೆಲಸಕ್ಕೆ ನಾನೇ ಹೋಗಿ ಕೂತೆ. ಅವರು ಹೊಡೆಯುತ್ತಿದ್ದರು, ನಾನು ಕೇಳುತ್ತಿದ್ದೆ. ಸದ್ದು ಸರಿಯಿದ್ದರೆ ಬಟ್ಟೆ ಮುಂದಿನ ಕೊಂಡಿಗೆ ಹೋಗುತ್ತಿತ್ತು. ಸರಿಯಿಲ್ಲದಿದ್ದರೆ ಅದೇ ಕೊಂಡಿಯನ್ನು ಒರೆಸುತ್ತಲೇ ಇರುತ್ತಿದ್ದೆ. ತಾವೇ ಕಂಡುಹಿಡಿದವರಂತೆ ಅವರು ಅದಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಹೊರಗಿನವರಿಗೆ ನಾನು ಗಂಡನಿಗೆ ನೆರವಾಗುವ ಮಹಾಸತಿ. ನನ್ನ ಓರಗಿತ್ತಿಯಂತೂ, "ಅಬ್ಬಾ, ಕುಲುಮೇಲೂ ಗಂಡನ್ನ ಬಿಟ್ಟಿರಕ್ಕಾಗಲ್ವಾ ನಿಂಗೆ?" ಎಂದು ಛೇಡಿಸುತ್ತಿದ್ದಳು. ನಗುತ್ತಿದ್ದೆ, ಇನ್ನೇನು ಮಾಡಲಿ?

ಈ ವರ್ಷ ಹೊಸ ಇಂಜಿನಿಯರ್ ಬಂದರು. ತೆಳ್ಳಗಿನ ಮನುಷ್ಯ, ಮಾತೂ ತೆಳ್ಳಗೆ.

"ಕುಲುಮೇಲಿ ನೋಡಿ ಸರಿ ಇದೆ ಅಂದ್ರೆ ನಾನು ಸಹಿ ಹಾಕಲ್ಲ ಮೇಸ್ತ್ರಿ. ಮೆಟ್ಟಿಲ ಹತ್ರ, ನನ್ನ ಕಣ್ಣೆದುರಿಗೇ ಆಗ್ಬೇಕು. ಒಂದೊಂದು ಮುಗಿದ ಹಾಗೆ ಸೀಲ್ ಹಾಕಿ ಅಲ್ಲೇ ಕಂಬಕ್ಕೆ ಬಿಗಿಯೋದು. ಮಧ್ಯಾಹ್ನ ದಾರಿ ಬಿಡ್ತೀವಿ."

ನಮ್ಮವರು ಅವರ ತುಟಿಯನ್ನೇ ನೋಡುತ್ತಾ, "ಆಗ್ಲಿ ಸಾರ್" ಎಂದರು.

ನಾನು ಎಂದಿನಂತೆ ಬಟ್ಟೆ ಹಿಡಿದು ಹೊರಟೆ. ಮೆಟ್ಟಿಲ ಮೇಲೆ ಹಗ್ಗ ಕಟ್ಟಿದ್ದರು. ಇಂಜಿನಿಯರ್ ಕೈ ಅಡ್ಡ ಹಿಡಿದು, "ಒರೆಸೋಕೆ ನಮ್ಮ ಆಳಿದ್ದಾನಮ್ಮ. ನೀವು ಈ ಕಡೆ ನಿಲ್ಲಿ, ಕಾಲು ಜಾರಿದ್ರೆ ಕಷ್ಟ" ಎಂದರು. ನಲವತ್ತು ವರ್ಷದಿಂದ ಆ ಮೆಟ್ಟಿಲು ತುಳಿದವಳು ನಾನು. ಬಾಯಿಗೆ ಬಂದ ಮಾತು ನುಂಗಿಕೊಂಡೆ. ನಮ್ಮವರನ್ನು ಬಿಟ್ಟು ಇರಲಾರೆ ಎಂದು ಹಟ ಹಿಡಿದರೆ ಯಾಕೆ ಎಂದು ಕೇಳುತ್ತಾರೆ. ಬಾಯಿ ಬಿಟ್ಟರೆ ಬಣ್ಣಗೇಡು. ನಮ್ಮವರು ನನ್ನ ಕಡೆ ಒಮ್ಮೆ ನೋಡಿದರು. ಹುಷಾರಿಲ್ಲ ಎಂದು ಹೇಳಿ ಅಂತ ಕಣ್ಣಲ್ಲೇ ಬೇಡಿಕೊಂಡೆ. ಅವರು ಮುಖ ತಿರುಗಿಸಿ ಸುತ್ತಿಗೆ ತೆಗೆದುಕೊಂಡರು. ಆಗ ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಮೊದಲ ಸರಪಳಿ ಚೆನ್ನಾಗಿತ್ತು. ಎರಡನೆಯದೂ ಚೆನ್ನಾಗಿತ್ತು. ನದಿಯ ಭೋರ್ಗರೆತದ ನಡುವೆ ಒಂದೊಂದು ಏಟನ್ನೂ ಹೆಕ್ಕಿ ತೆಗೆದು ಕೇಳುತ್ತಿದ್ದೆ. ಅವರು ಪ್ರತಿ ಏಟಿಗೂ ತಲೆ ಸ್ವಲ್ಪ ವಾಲಿಸಿ, ಕೇಳಿಸಿಕೊಂಡವರಂತೆ ಅರೆಕ್ಷಣ ನಿಂತು ಮುಂದಕ್ಕೆ ಹೋಗುತ್ತಿದ್ದರು. ನೋಡಲು ಎಷ್ಟು ಚೆಂದ! ಅರ್ಚಕರು ತಂಬಿಗೆ ಹಿಡಿದು ನಿಂತು ನೋಡುತ್ತಿದ್ದರು. ದೇವಸ್ಥಾನದ ಮೇನೇಜರ್ ಪಕ್ಕದವರಿಗೆ, "ಇಂಥ ಕಿವಿ ಇನ್ನೊಬ್ಬರಿಗಿಲ್ಲ" ಎಂದರು.

ಮೂರನೆಯ ಸರಪಳಿಯಲ್ಲಿ, ಹತ್ತೊಂಬತ್ತನೆಯ ಕೊಂಡಿ ಠಸ್ ಎಂದಿತು.

ಅವರು ತಲೆ ವಾಲಿಸಿದರು, ನಿಂತರು, ಇಪ್ಪತ್ತಕ್ಕೆ ಹೋದರು.

ಸಂಜೆ ಮನೆಯಲ್ಲಿ ಹೇಳೋಣ, ಹೇಗಾದರೂ ಮಾಡಿ ಕೊಂಡಿ ಬದಲಿಸೋಣ ಎಂದುಕೊಂಡೆ. ಆದರೆ ಸೀಲ್ ಹಾಕುವವನು ಸಾಮಾನು ಹಿಡಿದು ತಯಾರಾಗಿ ನಿಂತಿದ್ದ. ಮಧ್ಯಾಹ್ನಕ್ಕೆ ಯಾರೋ ಬಂದು ಇದನ್ನೇ ಹಿಡಿಯುತ್ತಾರೆ. ಯಾರ ಮನೆಯ ಅಜ್ಜಿಯೋ, ಯಾರ ಮನೆಯ ಸೊಸೆಯೋ. ಇಪ್ಪತ್ತೊಂದು, ಇಪ್ಪತ್ತೆರಡು. ಗಂಡನ ಮಾನ ಒಂದು ಕಡೆ, ಮುಖ ನೋಡದ ಯಾರದೋ ಜೀವ ಇನ್ನೊಂದು ಕಡೆ. ನಾಲ್ಕು ಕೊಂಡಿ ದಾಟುವವರೆಗೂ ನಾನು ಸುಮ್ಮನಿದ್ದೆ. ಅದನ್ನು ನಾನು ಯಾರಿಗೂ ಮುಚ್ಚಿಡುವುದಿಲ್ಲ.

"ರೀ, ನಿಲ್ಸಿ!" ಎಂದು ಕೂಗಿದೆ.

ಅರ್ಚಕರು ತಿರುಗಿದರು. ಇಂಜಿನಿಯರ್ ತಿರುಗಿದರು. ಮೇನೇಜರ್, ಒರೆಸುವವನು, ಸೀಲ್ ಹಾಕುವವನು, ಮೇಲಿನ ಮೆಟ್ಟಿಲಲ್ಲಿ ಮಲಗಿದ್ದ ನಾಯಿ ಕೂಡ ತಲೆಯೆತ್ತಿ ನನ್ನ ಕಡೆ ನೋಡಿತು. ಅವರೊಬ್ಬರು ಮಾತ್ರ ಇಪ್ಪತ್ತನಾಲ್ಕನೆಯ ಕೊಂಡಿಗೆ ಸುತ್ತಿಗೆ ಎತ್ತಿದರು.

"ರೀ!"

ಹೊಡೆದು ತಲೆ ವಾಲಿಸಿದರು.

ಈಗ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಕೊಂಡಿಯ ವಿಷಯ ಹೇಳಲು ಬಾಯಿ ತೆರೆದವಳು ಅವರ ಗುಟ್ಟನ್ನು ಇಡೀ ಊರಿನೆದುರು ಹರಡಿಬಿಟ್ಟಿದ್ದೆ. ಮೂರನೆಯ ಸಲ ಕೂಗಿದೆ. ಅವರು ಆಗಲೂ ತಿರುಗಲಿಲ್ಲ.

ಇಂಜಿನಿಯರ್ ಹೋಗಿ ಮೆಲ್ಲಗೆ ಅವರ ಭುಜ ಮುಟ್ಟಿದರು. ಅವರು ಬೆಚ್ಚಿ ತಲೆ ಎತ್ತಿದರು. ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಬಂದು ಕೊನೆಗೆ ನನ್ನ ಮುಖ ನೋಡಿದರು. ಯಾರೂ ಏನೂ ಹೇಳಬೇಕಾಗಲಿಲ್ಲ.

ನಾನು ಹಗ್ಗ ದಾಟಿ ಹೋಗಿ ಹತ್ತೊಂಬತ್ತನೆಯ ಕೊಂಡಿಯ ಮೇಲೆ ಬೆರಳಿಟ್ಟೆ. ನಮ್ಮವರು ಅದಕ್ಕೆ ಸೀಮೆಎಣ್ಣೆ ಹಚ್ಚಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಉಜ್ಜಿದರು. ನೂರಾರು ಕೊಂಡಿಗೆ ಹೀಗೆ ಮಾಡುತ್ತಾ ಕೂರಲಾಗದು, ಅನುಮಾನ ಬಂದದ್ದಕ್ಕೆ ಮಾತ್ರ ಮಾಡುವುದು. ಎಲ್ಲರೂ ಬಗ್ಗಿ ನೋಡುತ್ತಾ ನಿಂತೆವು. ಸ್ವಲ್ಪ ಹೊತ್ತಿಗೆ ಒಳಗೆ ಸೇರಿದ್ದ ಎಣ್ಣೆ ಒಸರಿ, ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಮೂಡಿತು. ಬಿರುಕು ಕೊಂಡಿಯನ್ನು ಅರ್ಧಕ್ಕೂ ಹೆಚ್ಚು ಸುತ್ತಿತ್ತು.

"ಎಷ್ಟು ವರ್ಷದಿಂದ ಮೇಸ್ತ್ರಿ?" ಎಂದು ಇಂಜಿನಿಯರ್ ಎದುರಿಗೆ ನಿಂತು, ತುಟಿ ಬಿಡಿಸಿ ಕೇಳಿದರು.

ಮೂರು ಎನ್ನುತ್ತಾರೆಂದು ನಾನು ಕಾಯುತ್ತಿದ್ದೆ.

"ನಾಲ್ಕು."

ನಾನು ಹೋಗಿ ಕೂರುವ ಮುಂಚಿನ ಆ ಒಂದು ವರ್ಷ ಏಳು ಸರಪಳಿಯನ್ನೂ ಯಾರೂ ಕೇಳಿಸಿಕೊಂಡಿರಲಿಲ್ಲ. ಸಾವಿರಾರು ಜನ ಹಿಡಿದು ಮುಳುಗಿದ್ದರು. ಆ ವರ್ಷ ಏನೂ ಆಗಲಿಲ್ಲ ಎಂದರೆ ಅದರಲ್ಲಿ ನಮ್ಮ ಹೆಚ್ಚುಗಾರಿಕೆ ಎಳ್ಳಷ್ಟೂ ಇಲ್ಲ.

ಅವರು ಸುತ್ತಿಗೆಯನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿದು ನಿಂತರು. ಇಂಜಿನಿಯರ್ ನನ್ನ ಕಡೆ ತಿರುಗಿ, "ಅಮ್ಮಾ, ಮೊದಲಿಂದ ಎಲ್ಲಾನೂ ನೀವು ನೋಡಿಕೊಡ್ತೀರಾ?" ಎಂದರು. ಮಾತು ಈಗ ಅಷ್ಟು ತೆಳ್ಳಗಿರಲಿಲ್ಲ. ದಾರಿ ತೆರೆಯುವುದನ್ನು ಮರುದಿನ ಬೆಳಿಗ್ಗೆಗೆ ಮುಂದೂಡಿದರು. ಏಳು ಸರಪಳಿಯನ್ನೂ ನಾನೇ ಹೊಡೆದು ನಾನೇ ಕೇಳಿದೆ. ಇನ್ನೊಂದು ಕೊಂಡಿಯೂ ಸಿಕ್ಕಿತು, ಆರನೆಯದರಲ್ಲಿ. ಮುಗಿಯುವಷ್ಟರಲ್ಲಿ ಬಿಸಿಲು ಗುಡ್ಡದ ಆಚೆಗಿಳಿದಿತ್ತು.

ಮನೆಗೆ ಬಂದಾಗ ಅವರು ಉರಿಯಿಲ್ಲದ ಕುಲುಮೆಯ ಮುಂದೆ ಕೂತಿದ್ದರು. ಬೈಯುತ್ತಾರೆಂದುಕೊಂಡಿದ್ದೆ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ. ಎದುರಿಗೆ ಹೋಗಿ ಕೂತೆ. ನನ್ನ ಮುಖ ನೋಡಿದರು.

"ಬೇರೆ ಯಾರ್ದು ಕೇಳ್ದಿದ್ರೂ, ನೀನು ಗಟ್ಟಿಯಾಗಿ ಕೂಗಿದ್ರೆ ನಂಗೆ ಕೇಳುತ್ತೆ ಅಂದ್ಕೊಂಡಿದ್ದೆ ಕಣೇ" ಎಂದರು.

ಆಮೇಲೆ ಅವರೇ ಕೇಳಿದರು,

"ಎಷ್ಟು ಸಲ ಕೂಗ್ದೆ?"

ಒಂದೇ ಸಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ನದಿಯ ಸದ್ದು ಜೋರಿತ್ತು, ಯಾರಿಗೂ ಕೇಳುತ್ತಿರಲಿಲ್ಲ ಎಂದೂ ಸೇರಿಸಬಹುದಿತ್ತು. ಮೂರು ವರ್ಷ ಸುಳ್ಳಿನ ಮೇಲೆ ಬಟ್ಟೆ ಆಡಿಸಿದ್ದು ಸಾಕು ಎನಿಸಿತು. ಬಾಯಿ ತೆರೆಯದೆ, ಅವರ ಕಣ್ಣ ಮುಂದೆ ಮೂರು ಬೆರಳು ಎತ್ತಿ ಹಿಡಿದೆ.

ಅವರು ಆ ಬೆರಳುಗಳನ್ನು ನೋಡಿದರು. ಆಮೇಲೆ ಮೂರನ್ನೂ ತಮ್ಮ ಕೈಯೊಳಗೆ ತೆಗೆದುಕೊಂಡು, ನನ್ನ ಮುಂದೆ ಮೊದಲ ಸಲ ಅತ್ತರು.